ಮುಖಕ್ಕೆ ಹಚ್ಚುವ ಮುನ್ನ

ಮುಖದ ಬಂಗು ತೋರಿಸಲು ಬಂದ ಹೆಣ್ಣುಮಗಳು ಕೈಚೀಲದಿಂದ ಒಂದು ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. "ಹಚ್ಚಿದರೆ ಮುಖ ತಿಳಿಯಾಗುತ್ತದೆ ಡಾಕ್ಟರೇ, ಬಿಟ್ಟರೆ ಉರಿ." ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದಂತೆ. ಅದರಲ್ಲಿದ್ದದ್ದು ಮೊಮೆಟಾಸೋನ್, ಅಂದರೆ ಸ್ಟೀರಾಯ್ಡ್. ಅದನ್ನು ಹಚ್ಚಿ ಹಚ್ಚಿ ಕೆನ್ನೆಯ ಮೇಲೆ ಎಳೆಯಷ್ಟು ತೆಳುವಾದ ಕೆಂಪು ರಕ್ತನಾಳಗಳು ಎದ್ದಿದ್ದವು, ಗದ್ದದ ಸುತ್ತ ಮೊಡವೆ, ತುಟಿಯ ಮೇಲೆ ಹೊಸ ರೋಮ.

ಇಂಥ ಮುಖ ಕಂಡಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಮಾರಾಟ ನಿಂತಿಲ್ಲ. ಹುಳುಕಡ್ಡಿಗೂ ಇದನ್ನೇ ಹಚ್ಚುತ್ತಾರೆ. ತುರಿಕೆ ಬೇಗ ತಗ್ಗುತ್ತದೆ, ಹುಳುಕಡ್ಡಿ ತರುವ ಶಿಲೀಂಧ್ರ ಮಾತ್ರ ಹಬ್ಬುತ್ತಲೇ ಹೋಗುತ್ತದೆ. ಉಂಗುರದ ಅಂಚು ಅಳಿಸಿಹೋಗಿ ಕಾಯಿಲೆ ನಮಗೂ ಸುಲಭಕ್ಕೆ ಗುರುತು ಸಿಗುವುದಿಲ್ಲ. ಸೋರಿಯಾಸಿಸ್‌ಗೆ, ಇಸುಬಿಗೆ ಇದೇ ಸ್ಟೀರಾಯ್ಡ್ ಒಳ್ಳೆಯ ಮದ್ದು. ಎಲ್ಲಿಗೆ, ಎಷ್ಟು ದಿನ ಎಂಬುದನ್ನು ನೋಡಿ ಕೊಡಬೇಕಷ್ಟೆ.

ಹಚ್ಚಿಕೊಂಡವರನ್ನು ಗದರಲು ನನಗೆ ಮನಸ್ಸು ಬರುವುದಿಲ್ಲ. "ಯಾಕಮ್ಮ ಇಷ್ಟು ಕಪ್ಪಾಗಿದ್ದೀಯ?" ಎಂದು ಮದುವೆ ಮನೆಗಳಲ್ಲಿ ಕೇಳಿಸಿಕೊಂಡು ಬಂದವರು ಅವರು. ಆ ಪ್ರಶ್ನೆಯನ್ನು ನಾವೆಲ್ಲ ಬಿಡಬೇಕು, ದಯವಿಟ್ಟು.

ಇಂಥ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಮುಖ ಕೆರಳುತ್ತದೆ. ಚರ್ಮವೈದ್ಯರಿಗೆ ತೋರಿಸಿ. ಬಂಗು ನಿಧಾನವಾಗಿಯೇ ತಗ್ಗುವುದು. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ಕಾಯುತ್ತದೆಂಬ ಅಳತೆ) 30 ಅಥವಾ ಹೆಚ್ಚಿರುವ ಸನ್‌ಸ್ಕ್ರೀನ್ ಹಚ್ಚಿ. ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.