ಆರ್ಲಾಂಡೊ ವಿಮಾನ ನಿಲ್ದಾಣದಿಂದ ಡಿಸ್ನಿ ರೆಸಾರ್ಟಿಗೆ: ಶಟಲ್ ಹತ್ತುವುದೋ, ಕಾರು ಗೊತ್ತುಮಾಡುವುದೋ?

ಮಗಳನ್ನೂ ಅತ್ತೆ ಮಾವನವರನ್ನೂ ಕರೆದುಕೊಂಡು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ ಎಂದು ಕನ್ನಡ ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಹೇಳಿದಾಗ, ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರೊಬ್ಬರು "ಆರ್ಲಾಂಡೊದಲ್ಲಿ ಇಳಿದರೆ ಸಾಕು, ಡಿಸ್ನಿಯವರೇ ಬಸ್ಸು ಕಳಿಸುತ್ತಾರೆ, ಬಿಡಿಗಾಸೂ ಕೊಡಬೇಕಾಗಿಲ್ಲ" ಎಂದು ಧೈರ್ಯ ಹೇಳಿದರು. ಅವರು ಹೇಳಿದ್ದು ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. ಈಗ ಅದು ನಿಜವಲ್ಲ. ಆದರೂ ಆ ಮಾತು ಮನೆಯಿಂದ ಮನೆಗೆ ಹರಿದಾಡುತ್ತಲೇ ಇರುವುದರಿಂದ, ಊರಿನಿಂದ ಬಂದ ತಂದೆತಾಯಿಯರನ್ನು ಆರ್ಲಾಂಡೊಗೆ ಕರೆದೊಯ್ಯಲು ಯೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ನಮ್ಮ ಎರಡು ಪ್ರವಾಸಗಳ ಅನುಭವವನ್ನು ಬರೆಯುತ್ತಿದ್ದೇನೆ.

ನಮ್ಮ ಮೊದಲ ಪ್ರವಾಸ 2019ರ ನವೆಂಬರಿನಲ್ಲಿ ನಡೆಯಿತು. ಆಗ ಹೋದವರು ನಾವಿಬ್ಬರೇ. 2005ರ ಮೇ ತಿಂಗಳಿನಿಂದ ಡಿಸ್ನಿ ಸಂಸ್ಥೆಯು ತನ್ನ ರೆಸಾರ್ಟುಗಳಲ್ಲಿ ಉಳಿಯುವವರಿಗೆಂದು 'ಮ್ಯಾಜಿಕಲ್ ಎಕ್ಸ್‌ಪ್ರೆಸ್' ಎಂಬ ಉಚಿತ ಬಸ್ ಸೇವೆಯನ್ನು ನಡೆಸುತ್ತಿತ್ತು. ಪ್ರಯಾಣಕ್ಕೆ ಮೊದಲೇ ಅಂಚೆಯಲ್ಲಿ ಹಳದಿ ಬಣ್ಣದ ಚೀಟಿಗಳು ಬರುತ್ತಿದ್ದವು. ಅವನ್ನು ಸೂಟ್‌ಕೇಸಿಗೆ ಕಟ್ಟಿ ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಚೆಕ್ ಇನ್ ಮಾಡಿದ ಮೇಲೆ ನಾವು ಆ ಸೂಟ್‌ಕೇಸುಗಳನ್ನು ಮತ್ತೆ ಕಂಡದ್ದು ರೆಸಾರ್ಟಿನ ಕೋಣೆಯಲ್ಲಿಯೇ. ಆರ್ಲಾಂಡೊದಲ್ಲಿ ಕೈಬೀಸಿಕೊಂಡು ಬಸ್ಸು ಹತ್ತಿದೆವು. ಹಿಂದಿರುಗುವ ದಿನವೂ ರೆಸಾರ್ಟಿನಲ್ಲಿಯೇ ಲಗೇಜ್ ಒಪ್ಪಿಸಿ ಬೋರ್ಡಿಂಗ್ ಪಾಸ್ ಪಡೆಯುವ ವ್ಯವಸ್ಥೆಯಿತ್ತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಎಲ್ಲವೂ ಮುಚ್ಚಿ ಪುನಃ ತೆರೆದಾಗ ಈ ಲಗೇಜ್ ಸೇವೆ ಮರಳಿ ಬರಲಿಲ್ಲ. 2021 ಮುಗಿಯುತ್ತಿದ್ದಂತೆ ಉಚಿತ ಬಸ್ಸೂ ನಿಂತಿತು.

ಆ ಬಸ್ಸು ಸಹ ದಾರಿಯಲ್ಲಿ ಎರಡು ಮೂರು ರೆಸಾರ್ಟುಗಳಲ್ಲಿ ನಿಂತೇ ನಮ್ಮ ರೆಸಾರ್ಟಿಗೆ ಬಂದಿತ್ತು ಎಂಬುದು ನನಗೆ ನೆನಪಾದದ್ದು ಎರಡನೆಯ ಪ್ರವಾಸದಲ್ಲಿ. ಮೊದಲ ಸಲ ಅದು ಮನಸ್ಸಿಗೆ ತಟ್ಟಿರಲಿಲ್ಲ, ಏಕೆಂದರೆ ಕೈಯಲ್ಲಿ ಸಾಮಾನು ಇರಲಿಲ್ಲ, ಜೊತೆಯಲ್ಲಿ ಮಗುವಾಗಲಿ ವಯಸ್ಸಾದವರಾಗಲಿ ಇರಲಿಲ್ಲ. ನಮಗೆ ದೊರೆತಿದ್ದ ನಿಜವಾದ ಅನುಕೂಲ ಟಿಕೆಟ್ ಇಲ್ಲದ ಬಸ್ಸಲ್ಲ, ಸೂಟ್‌ಕೇಸುಗಳ ಭಾರವನ್ನು ಬೇರೆಯವರು ಹೊತ್ತದ್ದು.

2024ರ ಜೂನ್‌ನಲ್ಲಿ ಮತ್ತೆ ಹೊರಟಾಗ ನಾವು ಐದು ಜನ. ನಾಲ್ಕು ವರ್ಷದ ಮಗಳು, ಹಾಸನದಿಂದ ಬಂದಿದ್ದ ಅತ್ತೆ ಮಾವ, ನಾವಿಬ್ಬರು. ಐದು ದೊಡ್ಡ ಸೂಟ್‌ಕೇಸುಗಳಲ್ಲಿ ಒಂದರ ತುಂಬ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಇದ್ದವು. ಅತ್ತೆಯವರಿಗೆ ಮಂಡಿನೋವು. ಹಣ ಕೊಟ್ಟು ಹತ್ತುವ, ಹಲವರನ್ನು ಒಟ್ಟಿಗೆ ಕರೆದೊಯ್ದು ಒಂದೊಂದು ರೆಸಾರ್ಟಿನಲ್ಲೂ ಇಳಿಸುತ್ತಾ ಹೋಗುವ ಶಟಲ್ ಬಸ್ಸುಗಳು ಈಗಲೂ ಇವೆ, ಡಿಸ್ನಿ ರೆಸಾರ್ಟುಗಳಿಗೆ ಅವೇ ಸಾಮಾನ್ಯ. ಹೋಗುವಾಗ ಶಟಲ್, ಬರುವಾಗ ಚಾಲಕರ ಸಹಿತ ಕಾರು ಎಂದು ಬೇರೆ ಬೇರೆಯಾಗಿ ಕಾಯ್ದಿರಿಸಿದೆ. ಎರಡನ್ನೂ ಪರೀಕ್ಷಿಸಿ ನೋಡುವ ಉದ್ದೇಶವೇನೂ ಆಗ ಇರಲಿಲ್ಲ, ಹೋಗುವ ದಿನದ ಕಾರಿನ ದರ ನೋಡಿ ಜಿಪುಣತನ ಮಾಡಿದೆ ಅಷ್ಟೆ.

ನಮ್ಮ ವಿಮಾನ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಇಳಿಯಿತು. ಲಗೇಜ್ ಪಡೆದು, ಮಗಳಿಗೆ ತಿನ್ನಿಸಿ, ಶಟಲಿನ ಸಾಲಿಗೆ ಬಂದು ನಿಂತಾಗ ಮೂರೂವರೆ. ಬಸ್ಸು ತುಂಬುವವರೆಗೆ ಹೊರಡುವುದಿಲ್ಲ ಎಂದು ಅಲ್ಲಿನ ಸಿಬ್ಬಂದಿ ಹೇಳಿದರು. ನಲವತ್ತು ನಿಮಿಷ ಕಾದ ಮೇಲೆ ಬಸ್ಸು ಹೊರಟಿತು. ವಿಮಾನ ನಿಲ್ದಾಣದಿಂದ ಡಿಸ್ನಿಗೆ ಸುಮಾರು 32 ಕಿಲೋಮೀಟರ್, ರಸ್ತೆ ಖಾಲಿಯಿದ್ದರೆ ಅರ್ಧ ಗಂಟೆಯ ದಾರಿ. ಆದರೆ ಡಿಸ್ನಿ ವರ್ಲ್ಡ್ ಎಂಬುದು ಒಂದೇ ಒಂದು ಮನರಂಜನಾ ಉದ್ಯಾನವಲ್ಲ. ಸುಮಾರು 25,000 ಎಕರೆಯಷ್ಟು ಹರಡಿರುವ ಅದೇ ಒಂದು ಪಟ್ಟಣ. ಒಂದು ರೆಸಾರ್ಟಿನಿಂದ ಇನ್ನೊಂದಕ್ಕೆ ಹೋಗಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ನಮ್ಮ ರೆಸಾರ್ಟ್ ನಾಲ್ಕನೆಯ ನಿಲುಗಡೆಯಾಗಿತ್ತು. ಪ್ರತಿ ನಿಲುಗಡೆಯಲ್ಲೂ ಚಾಲಕರು ಇಳಿದು, ಬಸ್ಸಿನ ಹೊಟ್ಟೆಯಿಂದ ಸೂಟ್‌ಕೇಸುಗಳನ್ನು ಹುಡುಕಿ ತೆಗೆದುಕೊಡುವವರೆಗೆ ಉಳಿದವರು ಕಾಯಬೇಕು. ನಾವು ಕೋಣೆ ಸೇರಿದಾಗ ಆರು ಗಂಟೆಗೆ ಹತ್ತು ನಿಮಿಷ ಬಾಕಿಯಿತ್ತು. ಮೂರನೆಯ ನಿಲುಗಡೆಯಲ್ಲಿ ಮಾವನವರು ಗಡಿಯಾರ ನೋಡಿಕೊಂಡು "ಇಷ್ಟು ಹೊತ್ತಿಗೆ ಹಾಸನದಿಂದ ಬೆಂಗಳೂರು ಮುಟ್ಟಬಹುದಿತ್ತಲ್ಲಪ್ಪ" ಎಂದರು. ಬೇಸರದಿಂದ ಹೇಳಿದ ಮಾತಲ್ಲ. ಆದರೂ ನನಗೆ ನಾಟಿತು.

ಇದಕ್ಕಿಂತ ಮುಖ್ಯವಾಗಿ ನಾನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಬಸ್ಸಿನ ಮೆಟ್ಟಿಲುಗಳು. ದೊಡ್ಡ ಬಸ್ಸುಗಳ ಮೆಟ್ಟಿಲು ಕಡಿದಾಗಿಯೂ ಕಿರಿದಾಗಿಯೂ ಇರುತ್ತವೆ. ಅತ್ತೆಯವರು ನನ್ನ ಹೆಂಡತಿಯ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಇಳಿಯುವಾಗ ಇನ್ನೂ ಕಷ್ಟವಾಯಿತು. ಗಾಲಿಕುರ್ಚಿಯ ಲಿಫ್ಟ್ ಇರುವ ವಾಹನ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಿದರೆ ವ್ಯವಸ್ಥೆ ಮಾಡುತ್ತಾರೆ, ನಾನು ಕೇಳಿರಲಿಲ್ಲ. ನಡೆದಾಡಬಲ್ಲವರಾದರೂ ಮಂಡಿ ಬಗ್ಗಿಸಲು ಕಷ್ಟಪಡುವವರು ಜೊತೆಯಲ್ಲಿದ್ದರೆ ಈ ಒಂದು ಪ್ರಶ್ನೆಯನ್ನು ದಯವಿಟ್ಟು ಮೊದಲೇ ಕೇಳಿ.

ಬರುವ ದಿನ ಗೊತ್ತುಮಾಡಿದ್ದು ಮಿನಿವ್ಯಾನ್. ಕಾರು ಎಂದೊಡನೆ ಎಲ್ಲರ ಕಣ್ಣಿಗೆ ಬರುವುದು ಎತ್ತರದ ಎಸ್‌ಯುವಿ, ಆದರೆ ಅದನ್ನು ಹತ್ತುವುದೂ ಹಿರಿಯರಿಗೆ ಸುಲಭವಲ್ಲ. ಮಿನಿವ್ಯಾನಿನ ನೆಲ ತಗ್ಗಿನಲ್ಲಿರುತ್ತದೆ, ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಆದ್ದರಿಂದ ಕುರ್ಚಿಯ ಮೇಲೆ ಕುಳಿತಂತೆ ಕುಳಿತುಬಿಡಬಹುದು. ಐದು ಜನರಿಗೆ ಐದು ಸೂಟ್‌ಕೇಸು ಎಂದರೆ ಸಾಧಾರಣ ಸೆಡಾನ್ ಕಾರಿನಲ್ಲಿ ಹಿಡಿಸುವ ಮಾತೇ ಇಲ್ಲ. ಕಾಯ್ದಿರಿಸುವಾಗ ಜನರ ಸಂಖ್ಯೆಯ ಜೊತೆಗೆ ಸೂಟ್‌ಕೇಸುಗಳ ಸಂಖ್ಯೆಯನ್ನೂ, ಮಡಚುವ ಸ್ಟ್ರೋಲರ್ ಇದ್ದರೆ ಅದನ್ನೂ ಬರೆದು ತಿಳಿಸಬೇಕು. ಚಾಲಕರು ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಬಂದಿದ್ದರು. ಶಟಲ್ ಆಗಿದ್ದರೆ ವಿಮಾನದ ವೇಳೆಗೆ ಮೂರು ನಾಲ್ಕು ಗಂಟೆ ಮೊದಲೇ, ಅವರು ಗೊತ್ತುಪಡಿಸಿದ ಹೊತ್ತಿಗೆ ಸಿದ್ಧರಾಗಿ ನಿಲ್ಲಬೇಕಾಗುತ್ತಿತ್ತು. ರೆಸಾರ್ಟಿನಲ್ಲಿ ಬೆಳಿಗ್ಗೆ 11 ಗಂಟೆಗೆ ಕೋಣೆ ಬಿಡಬೇಕು. ನಮ್ಮ ವಿಮಾನವಿದ್ದದ್ದು ಮಧ್ಯಾಹ್ನ ಎರಡೂವರೆಗೆ. ಕಾರು ಇದ್ದುದರಿಂದ ನಿಧಾನವಾಗಿ ತಿಂಡಿ ಮುಗಿಸಿ, ಕೋಣೆ ಬಿಟ್ಟು, ಅಲ್ಲಿಂದ ನೇರವಾಗಿ ಹೊರಟೆವು.

ಇನ್ನು ಖರ್ಚಿನ ಮಾತು. ಶಟಲಿಗೆ ತಲೆಲೆಕ್ಕದಲ್ಲಿ ಹಣ, ಕಾರಿಗೆ ಗಾಡಿಯ ಲೆಕ್ಕದಲ್ಲಿ. ನಮ್ಮಿಂದ ದೊಡ್ಡವರಿಗೆ ತಲಾ 17 ಡಾಲರ್ ಆಸುಪಾಸು, ಮಗಳಿಗೆ ಸ್ವಲ್ಪ ಕಡಿಮೆ, ಒಟ್ಟು 80 ಡಾಲರ್ ಚಿಲ್ಲರೆ ತೆಗೆದುಕೊಂಡರು. ಮಿನಿವ್ಯಾನಿಗೆ 120 ಡಾಲರ್ ಕೊಟ್ಟು, ಮೇಲೆ 20 ಡಾಲರ್ ಟಿಪ್ಸ್ ಕೊಟ್ಟೆ. ಅಮೆರಿಕದಲ್ಲಿ ಇಂಥ ಕಾರುಗಳಿಗೆ ನೂರಕ್ಕೆ ಹದಿನೈದರಿಂದ ಇಪ್ಪತ್ತರಷ್ಟು ಟಿಪ್ಸ್ ಕೊಡುವುದು ರೂಢಿ. ಶಟಲಿನಲ್ಲೂ ಸೂಟ್‌ಕೇಸಿಗೆ ಒಂದೆರಡು ಡಾಲರಿನಂತೆ ಚಾಲಕರ ಕೈಗೆ ಕೊಡುತ್ತಾರೆ, ಆದ್ದರಿಂದ ಚಿಲ್ಲರೆ ನೋಟುಗಳು ಜೇಬಿನಲ್ಲಿರಲಿ. ಟಿಪ್ಸ್ ಸೇರಿಸಿ ನೋಡಿದರೂ ವ್ಯತ್ಯಾಸ 50 ಡಾಲರ್ ಆಸುಪಾಸು. ಇಬ್ಬರೇ ಹೋಗುವುದಾದರೆ 34 ಡಾಲರ್‌ಗೆ ಮುಗಿಯುವ ಶಟಲ್ ಬಿಟ್ಟು ಕಾರು ಗೊತ್ತುಮಾಡುವುದರಲ್ಲಿ ಅರ್ಥವಿಲ್ಲ. ನಾಲ್ಕು ಜನರಾದರೆ ಯೋಚಿಸಬೇಕು. ಐದಾದರೆ, ಅದರಲ್ಲೂ ಮಗುವೋ ಹಿರಿಯರೋ ಇದ್ದರೆ, ಕಾರೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹೋಗುವಾಗಲೂ ಬರುವಾಗಲೂ ಒಂದೇ ಬಗೆಯದನ್ನು ಕಾಯ್ದಿರಿಸಬೇಕೆಂಬ ನಿಯಮವೇನೂ ಇಲ್ಲ. ಉಬರ್ ಅಥವಾ ಅದರಂಥದೇ ಆದ ಲಿಫ್ಟ್ (Lyft) ಕಂಪನಿಯ ದೊಡ್ಡ ಗಾಡಿಗಳು ಇವೆರಡಕ್ಕಿಂತಲೂ ಅಗ್ಗವಾಗಿ ಸಿಗುವ ಹೊತ್ತುಗಳೂ ಉಂಟು, ಆದರೆ ಅವುಗಳ ದರ ಬೇಡಿಕೆಗೆ ತಕ್ಕಂತೆ ಏರಿಳಿಯುತ್ತದೆ. ಬರುವ ಗಾಡಿಯಲ್ಲಿ ಮಕ್ಕಳ ಆಸನ ಇರುತ್ತದೆಂದು ನಂಬಿಕೊಳ್ಳುವಂತಿಲ್ಲ.

ಮಕ್ಕಳ ಆಸನದ ವಿಷಯದಲ್ಲಿ ಎಚ್ಚರವಿರಲಿ. ಫ್ಲಾರಿಡಾದ ಕಾನೂನಿನಂತೆ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳನ್ನು ಕಾರಿನಲ್ಲಿ ವಯಸ್ಸಿಗೆ ತಕ್ಕ ಕಾರ್ ಸೀಟ್ ಅಥವಾ ಬೂಸ್ಟರಿನಲ್ಲಿ (ಮಗುವನ್ನು ಎತ್ತರಿಸಿ ಕೂರಿಸುವ ಆಸನ) ಕೂರಿಸಬೇಕು. ಬಾಡಿಗೆಗೆ ಚಾಲಕರ ಸಹಿತ ಓಡುವ ವಾಹನಗಳಿಗೆ ಈ ನಿಯಮದಿಂದ ವಿನಾಯಿತಿಯಿದೆ. ಕಾನೂನು ಬಿಟ್ಟಿದೆ ಎಂಬ ಕಾರಣಕ್ಕೆ ಹೆದ್ದಾರಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವುದು ಮಾತ್ರ ಬೇಡ. "ನಮ್ಮೂರಲ್ಲಿ ಎಲ್ಲರೂ ಹಾಗೇ ಕೂರಿಸಿಕೊಳ್ಳುತ್ತಾರಲ್ಲ" ಎಂದು ಅತ್ತೆಯವರು ಕೇಳಿದಾಗ ನನ್ನ ಹೆಂಡತಿ ಒಂದೇ ಮಾತಿನಲ್ಲಿ ನಿರಾಕರಿಸಿದಳು. ಕಾರಿನವರು ಕೇಳಿದರೆ ಆಸನವನ್ನು ಹಾಕಿಕೊಂಡೇ ಬರುತ್ತಾರೆ. ಮಗುವಿನ ವಯಸ್ಸು ಮತ್ತು ತೂಕವನ್ನು ಬರೆದು ಕಳಿಸಿ, ಅವರಿಂದಲೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

'ಉಚಿತ ಶಟಲ್' ಎಂಬ ಮಾತು ಹೋಟೆಲುಗಳ ಜಾಹೀರಾತಿನಲ್ಲಿ ಇಂದಿಗೂ ಕಾಣುತ್ತದೆ. ಅದರ ಅರ್ಥವನ್ನು ಬಿಡಿಸಿ ನೋಡಬೇಕು. ವಿಮಾನ ನಿಲ್ದಾಣದ ಸುತ್ತಮುತ್ತಲಿರುವ ಹೋಟೆಲುಗಳು ತಮ್ಮ ಅತಿಥಿಗಳನ್ನು ಉಚಿತವಾಗಿ ವ್ಯಾನಿನಲ್ಲಿ ಕರೆದೊಯ್ಯುತ್ತವೆ. ಲಗೇಜ್ ಪಡೆದ ಮೇಲೆ ಫೋನ್ ಮಾಡಿದರೆ ವ್ಯಾನ್ ಬರುತ್ತದೆ. ವಿಮಾನ ರಾತ್ರಿ ತಡವಾಗಿ ಇಳಿಯುವುದಿದ್ದರೆ ಇಂಥ ಹೋಟೆಲಿನಲ್ಲಿ ಒಂದು ರಾತ್ರಿ ಮಲಗಿ ಬೆಳಿಗ್ಗೆ ರೆಸಾರ್ಟಿಗೆ ಹೋಗುವುದು ಜಾಣತನ, ಏಕೆಂದರೆ ಡಿಸ್ನಿಯ ದುಬಾರಿ ಕೋಣೆಗೆ ನಿದ್ರೆಗೆಂದೇ ಒಂದು ರಾತ್ರಿಯ ಬಾಡಿಗೆ ತೆರುವುದು ತಪ್ಪುತ್ತದೆ. ಆದರೆ ಡಿಸ್ನಿಗೆ ಹತ್ತಿರದ ಕಿಸಿಮ್ಮಿ, ಲೇಕ್ ಬ್ಯೂನಾ ವಿಸ್ಟಾ ಕಡೆಯ ಹೋಟೆಲುಗಳು ಹೇಳುವ ಉಚಿತ ಶಟಲ್ ಬಹುಪಾಲು ಹೋಟೆಲಿನಿಂದ ಉದ್ಯಾನಗಳಿಗೆ ಹೋಗುವುದು, ವಿಮಾನ ನಿಲ್ದಾಣಕ್ಕೆ ಬರುವುದಲ್ಲ. ನನ್ನ ಚಿಕ್ಕಪ್ಪನ ಮಗನ ಕುಟುಂಬ ಇದನ್ನು ತಿಳಿಯದೆ ಒಂದು ಗಂಟೆ ವಿಮಾನ ನಿಲ್ದಾಣದಲ್ಲಿ ಆ ಬಸ್ಸಿಗಾಗಿ ಕಾದು ನಿಂತಿತ್ತು. ಉದ್ಯಾನಗಳಿಗೆ ಹೋಗುವ ಈ ಶಟಲುಗಳು ಸಹ ದಿನಕ್ಕೆ ಕೆಲವೇ ಸಲ ಓಡುತ್ತವೆ. ಡಿಸ್ನಿಯ ಉದ್ಯಾನಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋಗುವವರನ್ನು ಬಾಗಿಲಿನವರೆಗೆ ಒಯ್ಯದೆ ಟಿಕೆಟ್ ಕೇಂದ್ರದ ಬಳಿ ಇಳಿಸುವುದೇ ಹೆಚ್ಚು, ಅಲ್ಲಿಂದ ಮುಂದೆ ಮೊನೊರೈಲ್ ಅಥವಾ ದೋಣಿ ಹತ್ತಬೇಕು. ಡಿಸ್ನಿಯ ಸ್ವಂತ ರೆಸಾರ್ಟುಗಳಲ್ಲಿ ಉಳಿದವರಿಗೆ ಒಳಗಿನ ಬಸ್ಸು, ಮೊನೊರೈಲ್, ದೋಣಿ, 2019ರಲ್ಲಿ ಆರಂಭವಾದ ಸ್ಕೈಲೈನರ್ ಎಂಬ ರೋಪ್‌ವೇ ಎಲ್ಲವೂ ಈಗಲೂ ಉಚಿತ.

ಹಾಗಾಗಿ ಡಿಸ್ನಿಯ ಒಳಗೇ ಉಳಿಯುವವರು ಹೋಗಿ ಬರುವುದಕ್ಕೆಂದು ಮಾತ್ರ ಒಂದು ವಾರ ತಾವೇ ಓಡಿಸುವ ಕಾರನ್ನು ಬಾಡಿಗೆಗೆ ಪಡೆಯಬೇಕಾಗಿಲ್ಲ. ಹೊರಗೆ ಉಳಿಯುವವರಿಗೆ ಕಾರು ಉಪಯುಕ್ತ, ಆದರೆ ಉದ್ಯಾನಗಳ ಪಾರ್ಕಿಂಗ್ ಶುಲ್ಕವನ್ನು (2024ರಲ್ಲಿ ದಿನಕ್ಕೆ 30 ಡಾಲರ್ ಇತ್ತು) ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಡಿಸ್ನಿ ರೆಸಾರ್ಟಿನ ಅತಿಥಿಗಳಿಗೆ ಈ ಶುಲ್ಕವಿಲ್ಲ. ವಿಮಾನ ನಿಲ್ದಾಣದಿಂದ ಹೊರಡುವ 528 ಮತ್ತು 417 ಸಂಖ್ಯೆಯ ಹೆದ್ದಾರಿಗಳಲ್ಲಿ ಟೋಲ್ ಇದೆ. ಬಾಡಿಗೆ ಕಾರಿನವರು ಟೋಲಿಗೆಂದು ದಿನದ ಲೆಕ್ಕದಲ್ಲಿ ಹಣ ಕೀಳುವುದುಂಟು. ನ್ಯೂಜೆರ್ಸಿ ಕಡೆಯವರು ಟೋಲ್ ಕಟ್ಟಲು ಕಾರಿನಲ್ಲಿಡುವ ತಮ್ಮ ಇ‑ಝಡ್‌ಪಾಸನ್ನೇ ತೆಗೆದುಕೊಂಡು ಹೋದರೆ ಅಲ್ಲಿಯೂ ನಡೆಯುತ್ತದೆ. ಅದಿಲ್ಲದವರಿಗೆ ವಿಮಾನ ನಿಲ್ದಾಣದಲ್ಲಿಯೇ ಉಚಿತವಾಗಿ ಸಿಗುವ ವಿಸಿಟರ್ ಟೋಲ್ ಪಾಸ್ ಇದೆ (ಟೋಲಿನ ಹಣ ಬೇರೆ). ಅದನ್ನು ಕನ್ನಡಿಗೆ ನೇತುಹಾಕಿ, ಮರಳುವಾಗ ಹಿಂದಿರುಗಿಸಿದರೆ ಸಾಕು.

ಟಿಕೆಟ್ ಅಗ್ಗವೆಂದು ಸ್ಯಾನ್‌ಫರ್ಡ್ ವಿಮಾನ ನಿಲ್ದಾಣವನ್ನು ಆರಿಸಿಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಹೆಸರಿನಲ್ಲಿ ಆರ್ಲಾಂಡೊ ಇದ್ದರೂ ಅದು ಡಿಸ್ನಿಯಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ, ಟಿಕೆಟಿನಲ್ಲಿ ಉಳಿದ ಹಣವನ್ನು ಕಾರು ನುಂಗುತ್ತದೆ. ಆರ್ಲಾಂಡೊದ ಮುಖ್ಯ ವಿಮಾನ ನಿಲ್ದಾಣದ ಟರ್ಮಿನಲ್ ಸಿ ಪಕ್ಕದಲ್ಲಿ 2023ರ ಸೆಪ್ಟೆಂಬರಿನಿಂದ ಓಡುತ್ತಿರುವ ಬ್ರೈಟ್‌ಲೈನ್ ರೈಲು ಮಯಾಮಿ ಕಡೆಗೆ ಹೋಗುತ್ತದೆ, ಡಿಸ್ನಿಗಲ್ಲ. ಲಿಂಕ್ಸ್ ಎಂಬ ನಗರ ಸಾರಿಗೆ ಬಸ್ಸಿನಲ್ಲಿ 2 ಡಾಲರ್‌ಗೆ ಪ್ರಯಾಣಿಸಬಹುದಾದರೂ ಅದು ಬೆನ್ನುಚೀಲವೊಂದನ್ನೇ ಹೊತ್ತು ಹೊರಟ ತರುಣರಿಗೆ ಸರಿ.

ಶಟಲಿನ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಫ್ಲಾರಿಡಾದಲ್ಲಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ, ವಿಮಾನಗಳು ತಡವಾಗುತ್ತಲೇ ಇರುತ್ತವೆ. ಶಟಲಿಗೆ ನಾವು ಯಾವಾಗ ಬಂದರೂ ಅದೇ ಸಾಲು, ಅದೇ ಟಿಕೆಟ್. ಕಾರಿನಲ್ಲಾದರೆ ಉಚಿತವಾಗಿ ಕಾಯುವ ಹೊತ್ತು ಮುಗಿದ ಮೇಲೆ ಹೆಚ್ಚುವರಿ ಹಣ ಕೇಳಬಹುದು. ವಿಮಾನದ ಸಂಖ್ಯೆಯನ್ನು ಕೊಟ್ಟು, ವಿಮಾನ ತಡವಾದರೆ ಏನು ಮಾಡುತ್ತೀರಿ ಎಂದು ಕೇಳಿಯೇ ಕಾಯ್ದಿರಿಸಬೇಕು. ಕೆಲವು ಕಾರಿನವರು ದಾರಿಯಲ್ಲಿ ಪಬ್ಲಿಕ್ಸ್‌ನಂಥ ದಿನಸಿ ಅಂಗಡಿಯ ಬಳಿ ಅರ್ಧ ಗಂಟೆ ನಿಲ್ಲಿಸಲು ಒಪ್ಪುತ್ತಾರೆ, ಅದಕ್ಕೆ ಪ್ರತ್ಯೇಕ ಹಣವಿದೆಯೇ ಎಂದೂ ಕೇಳಿ. ಹಾಲು, ಮೊಸರು, ಬಾಳೆಹಣ್ಣು ಕೋಣೆಯಲ್ಲಿದ್ದರೆ ಮೊಸರನ್ನ ಬಿಟ್ಟರೆ ಬೇರೇನೂ ಒಗ್ಗದ ಹಿರಿಯರ ಬೆಳಗು ಸುಗಮವಾಗುತ್ತದೆ.

ಬರುವ ಡಿಸೆಂಬರಿನಲ್ಲಿ ನನ್ನ ತಂದೆತಾಯಿಯರೊಡನೆ ಮತ್ತೆ ಹೋಗುತ್ತಿದ್ದೇವೆ. ಹೋಗುವ ದಿನಕ್ಕೆ ಮಿನಿವ್ಯಾನನ್ನೂ, ಅದರೊಳಗೆ ಮಗಳಿಗೆ ಬೂಸ್ಟರನ್ನೂ ಹೇಳಿಯಾಗಿದೆ. ಬರುವ ದಿನದ್ದನ್ನು ವಿಮಾನದ ವೇಳೆ ಖಚಿತವಾದ ಮೇಲೆ ನೋಡೋಣವೆಂದು ಹಾಗೇ ಬಿಟ್ಟಿದ್ದೇನೆ.