ಡಿಟೆಕ್ಟರ್ ಗೋಕರ್ಣಕ್ಕೆ ಇರಲಿ, ಕಪ್ಪತಗುಡ್ಡಕ್ಕೆ ಬೇಡ

ಗದಗ ಜಿಲ್ಲೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಬಂಗಾರದ ಕಣ ಇರುವುದು ನಿಜ. ಅಲ್ಲಿ ಮೆಟಲ್ ಡಿಟೆಕ್ಟರ್ ಬೀಸಿದರೆ ಒಂದು ಗುಂಜಿಯೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆ ಯಂತ್ರ ಕೊಂಡವರು ಮೊದಲು ಓಡುವುದು ಗುಡ್ಡಕ್ಕೆ, ಬೇಜಾರಾದ ಮೇಲೆ ಸಮುದ್ರಕ್ಕೆ. ಸಮುದ್ರದ ಫಜೀತಿ ಬೇರೆ. ಮನೆಯಂಗಳದಲ್ಲಿ ನೆಟ್ಟಗಿದ್ದ ಯಂತ್ರ ಗೋಕರ್ಣದ ಒದ್ದೆ ಉಸುಕಿನ ಮೇಲೆ ಹಿಡಿದ ಕೂಡಲೇ ಏನೂ ಇಲ್ಲದ ಕಡೆಯೂ ಕೂಗತೊಡಗುತ್ತದೆ. ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವವರು ಬಹಳ. ಕೆಟ್ಟಿರುವುದಿಲ್ಲ, ಅದು ಉಪ್ಪಿನ ಆಟ: ಉಪ್ಪುನೀರೂ ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ.

ಕೊಳ್ಳುವಾಗಿನ ಮೋಸದ ಬಗ್ಗೆ ಮೊದಲು ಹೇಳಬೇಕು. "ಹತ್ತು ಅಡಿ ಆಳದ ಬಂಗಾರ ತೋರಿಸುತ್ತದೆ", "ಬಂಗಾರಕ್ಕೆ ಮಾತ್ರ ಕೂಗುತ್ತದೆ", "ದೂರದಿಂದಲೇ ದಿಕ್ಕು ಹೇಳುತ್ತದೆ" ಎಂಬ ಮಾತು ಜಾಹೀರಾತಿನಲ್ಲಿ ಕಂಡರೆ ರೊಕ್ಕ ಕಿಸೆಯಲ್ಲೇ ಇರಲಿ. ಆಂಟೆನಾ ಕಡ್ಡಿ ತಿರುಗುವ ಲಾಂಗ್ ರೇಂಜ್ ಲೊಕೇಟರ್ ಅಂತೂ ಶುದ್ಧ ವಂಚನೆ. ನಿಜವಾದ ಡಿಟೆಕ್ಟರಿನ ಕಾಯಿಲ್ (ದಾಂಡಿನ ತುದಿಯ ತಟ್ಟೆಯೊಳಗಿನ ತಂತಿ ಸುರುಳಿ) ಬಿಡುವ ಕಾಂತಕ್ಷೇತ್ರದಿಂದ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಆ ಸುಳಿಯ ಮರುಸಂಕೇತವನ್ನು ಯಂತ್ರ ಅಳೆಯುತ್ತದೆ. ಅದರಿಂದ ಗೊತ್ತಾಗುವುದು ವಸ್ತುವಿನ ವಾಹಕತೆ, ಗಾತ್ರ, ಆಕಾರ. ಹಾಗಾಗಿ ಸಣ್ಣ ಬಂಗಾರದ ಉಂಗುರ, ಸಿಗರೇಟ್ ಪ್ಯಾಕಿನ ಬೇಗಡೆ, ಬಿಯರ್ ಡಬ್ಬಿಯ ಕಿವಿ ಮೂರಕ್ಕೂ ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ ನಂಬರ್ ಬರುತ್ತದೆ. ಬೇಗಡೆಯ ಕಾಟ ತಾಳಲಾರದೆ ಆ ನಂಬರಿಗೆ ಯಂತ್ರ ಕೂಗದಂತೆ ಮುಚ್ಚಿಬಿಟ್ಟರೆ ಉಂಗುರವೂ ಮುಚ್ಚಿಹೋಯಿತು. 11 ಇಂಚಿನ ಕಾಯಿಲ್‌ಗೆ ಉಂಗುರ ಸಿಗುವುದು ಒಂದು ಗೇಣಿನ ಆಸುಪಾಸಿನ ಆಳದಲ್ಲಿ. ತೆಳು ಸರ ಅದಕ್ಕಿಂತ ಕಷ್ಟ. ಯಂತ್ರಕ್ಕೆ ಅದರ ಪ್ರತಿ ಕೊಂಡಿಯೂ ಬೇರೆ ಬೇರೆ ಸಣ್ಣ ಬಳೆ, ಹಲವು ಸಲ ಕೂಗುವುದು ಕೊಕ್ಕೆಗೆ ಮಾತ್ರ.

ಕಡಲಿಗೇ ಹೋಗುವುದಾದರೆ ಒಂದೇ ಆವರ್ತನದ, ಅಂದರೆ ಕಾಂತಕ್ಷೇತ್ರವನ್ನು ಒಂದೇ ವೇಗದಲ್ಲಿ ಮಿಡಿಸುವ ಯಂತ್ರ ಬೇಡ. ಗ್ಯಾರೆಟ್ ಎಟಿ ಪ್ರೋ 15 ಕಿಲೋಹರ್ಟ್ಜ್‌ನದು, ನೀರಿಗೆ ಹೆದರುವುದಿಲ್ಲ, ಹೊಲದಲ್ಲಿ ಒಳ್ಳೆಯ ಯಂತ್ರ. ಆದರೆ ಒದ್ದೆ ಉಪ್ಪುಸುಕಿನಲ್ಲಿ ಸೆನ್ಸಿಟಿವಿಟಿಯನ್ನು (ಎಷ್ಟು ಸಣ್ಣ ಸಂಕೇತಕ್ಕೆ ಕೂಗಬೇಕೆಂಬ ಮಟ್ಟ) ಬಹಳ ಇಳಿಸಬೇಕಾಗುತ್ತದೆ, ಇಳಿಸಿದಷ್ಟೂ ಆಳ ಹೋಗುತ್ತದೆ. ಮಿನೆಲ್ಯಾಬ್ ಇಕ್ವಿನಾಕ್ಸ್, ನೋಕ್ಟಾ ಲೆಜೆಂಡ್ ತರಹದವು ಏಕಕಾಲಕ್ಕೆ ಹಲವು ಆವರ್ತನ ಬಿಟ್ಟು ಉಪ್ಪಿನ ಸಂಕೇತವನ್ನು ಲೆಕ್ಕದಿಂದ ಕಳೆಯುತ್ತವೆ. ಕ್ಷೇತ್ರವನ್ನು ಬಿಟ್ಟು ಬಿಟ್ಟು ಮಿಡಿಸುವ ಪಲ್ಸ್ ಇಂಡಕ್ಷನ್ ಯಂತ್ರಕ್ಕೆ ಉಪ್ಪಿನ ಕಾಟ ಕಡಿಮೆ, ಆಳವೂ ಹೆಚ್ಚು. ಆದರೆ ಕಬ್ಬಿಣ ಯಾವುದು, ಬೇರೆ ಯಾವುದು ಎಂದು ಅದು ಹೇಳುವುದಿಲ್ಲ. ದಿನವಿಡೀ ಮೊಳೆ, ಹೇರ್‌ಪಿನ್ ಅಗೆಯುವ ತಾಳ್ಮೆ ಇದ್ದವರು ಕೊಳ್ಳಲಿ.

ಈಗ ದಾರಿ. ಹುಬ್ಬಳ್ಳಿ ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣದಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾಕ್ಕೆ ಸುಮಾರು ನಾಲ್ಕು ತಾಸು. ಲಾರಿ ಸಾಲು ಸಿಕ್ಕರೆ ಐದು. ಮಳೆಗಾಲದಲ್ಲಿ ಹೊರಡುವ ಮುಂಚೆ ರಸ್ತೆಯ ಸುದ್ದಿ ವಿಚಾರಿಸಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಗಿತ್ತು. ಹೋಗುವ ಬಸ್ಸಿನದು ತಕರಾರಿಲ್ಲ. ಭಾನುವಾರ ಸಂಜೆ ಗೋಕರ್ಣದಿಂದ ವಾಪಸ್ ಹೊರಡುವ ಬಸ್ಸಿದೆಯಲ್ಲ, ಅದನ್ನು ಹತ್ತಲೇಬೇಡಿ. ನಿಲ್ಲಲು ಜಾಗ ಇರುವುದಿಲ್ಲ, ಘಾಟಿನ ಪ್ರತಿ ತಿರುವಿಗೂ ಮೈಮೇಲೆ ಮೂರು ಜನ ಬೀಳುತ್ತಾರೆ, ಕಾಲಡಿಯ ಬ್ಯಾಗನ್ನು ಯಾರಾದರೂ ತುಳಿಯುತ್ತಾರೆ. ತುಳಿತಕ್ಕೆ ಮೊದಲು ಹೋಗುವುದು ಕಾಯಿಲನ್ನು ದಾಂಡಿಗೆ ಸೇರಿಸುವ ಕಿವಿ, ಆಮೇಲೆ ಕೇಬಲ್ ಸೇರುವ ಬುಡ. ಕಾಯಿಲನ್ನು ಬಿಚ್ಚಿ ಬಟ್ಟೆಯ ನಡುವೆ ಇಡಿ, ದಾಂಡನ್ನು ಮೂರು ತುಂಡು ಮಾಡಿ. ಮಧ್ಯಾಹ್ನದೊಳಗೆ ಅಂಕೋಲಾಕ್ಕೆ ಬಂದುಬಿಟ್ಟರೆ ಕಾರವಾರದಿಂದ ಬರುವ ಹುಬ್ಬಳ್ಳಿ ಬಸ್ಸಿನಲ್ಲಿ ಸೀಟು ಸಿಗುವ ಸಂಭವ ಹೆಚ್ಚು.

ಬಿಚ್ಚಿ ಒಯ್ಯಲು ಇನ್ನೊಂದು ಕಾರಣವಿದೆ. ನಮ್ಮ ಕಡೆ ಈ ಯಂತ್ರ ಕಂಡರೆ ಜನರ ಬಾಯಲ್ಲಿ ಬರುವ ಮೊದಲ ಮಾತು ನಿಧಿಗಳ್ಳರು. ಹಳೆಯ ಗುಡಿಗಳ ಗರ್ಭಗುಡಿ ಅಗೆದ ಸುದ್ದಿ ಓದಿ ಓದಿ ಬೇಸತ್ತ ಊರವರ ತಪ್ಪೇನಿಲ್ಲ. ಲಕ್ಕುಂಡಿ, ಡಂಬಳ, ಅಣ್ಣಿಗೇರಿ, ಗದಗಿನ ತ್ರಿಕೂಟೇಶ್ವರ ಇಂಥ ಕಡೆ ಬ್ಯಾಗಿನಿಂದ ತೆಗೆಯಲೂ ಬೇಡಿ. ಖರೀದಿ ಬಿಲ್ ಜೊತೆಗಿರಲಿ.

ಕಾರವಾರದಲ್ಲಿ ಟ್ಯಾಗೋರ್ ಕಡಲತೀರ ವಿಶಾಲವಾಗಿದೆ, ಆದರೆ ಊರಿನ ದಕ್ಷಿಣಕ್ಕೆ ಅರಗಾ ಕಡೆಯೆಲ್ಲ ನೌಕಾನೆಲೆ. ಹೆಡ್‌ಫೋನ್ ಹಾಕಿಕೊಂಡು ಯಂತ್ರ ಬೀಸುತ್ತ ಆ ಬೇಲಿಯ ಹತ್ತಿರ ಹೋಗುವುದು ಬುದ್ಧಿವಂತರ ಕೆಲಸವಲ್ಲ. ಗೋಕರ್ಣದ ಓಂ ತೀರ ಹೆಸರಿಗೆ ಚಂದ, ಜನಜಾತ್ರೆ. ಕುಡ್ಲೆ ತೀರದಲ್ಲಿ ಬಾಟಲಿ ಮುಚ್ಚಳದ ರಾಶಿ. ಗೋಕರ್ಣದ ಮುಖ್ಯ ತೀರವೇ ವಾಸಿ, ಸ್ನಾನಕ್ಕೆ ಇಳಿಯುವವರ ಬೆರಳಿನ ಉಂಗುರ ತಣ್ಣೀರಿಗೆ ಸಡಿಲಾಗಿ ಜಾರುವುದು ಅಲ್ಲೇ. ಅಪರಕ್ರಿಯೆ ನಡೆಯುವ ಜಾಗದಿಂದ ಮಾತ್ರ ದೂರವಿರಿ. ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆಯಿಡುವ ತೀರಗಳು ಈ ಜಿಲ್ಲೆಯಲ್ಲಿವೆ. ಬೇಲಿ ಹಾಕಿದ ಗೂಡು ಕಂಡರೆ ಅಲ್ಲಿ ಸಲಿಕೆ ಊರಬಾರದು.

ಸಮಯ ಬಹಳ ಮುಖ್ಯ. ಮಳೆಗಾಲದ ಅಲೆ ತೀರದ ಉಸುಕನ್ನು ಒಳಕ್ಕೆ ಎಳೆದೊಯ್ಯುತ್ತದೆ, ಬೇಸಿಗೆಯವರೆಗೆ ಮೆಲ್ಲಗೆ ವಾಪಸ್ ತಂದು ಹರಡುತ್ತದೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉಸುಕಿನ ಪದರ ತೆಳ್ಳಗಿದ್ದು ಹಳೆಯ ಭಾರದ ವಸ್ತು ಕಾಯಿಲ್‌ಗೆ ಹತ್ತಿರ ಇರುತ್ತದೆ. ಏಪ್ರಿಲ್‌ನಲ್ಲಿ ಅದೇ ವಸ್ತುವಿನ ಮೇಲೆ ಮೊಳಕಾಲೆತ್ತರ ಉಸುಕು. ಅಮಾವಾಸ್ಯೆ, ಹುಣ್ಣಿಮೆಯ ಒಂದೆರಡು ದಿನ ಆಚೀಚೆ ಇಳಿತ ಹೆಚ್ಚು ದೂರ ಹೋಗುತ್ತದೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಮ್ಮ ಕರಾವಳಿಯಲ್ಲಿ ಗುಜರಾತಿನಷ್ಟು ನೀರು ಹಿಂದೆ ಸರಿಯುವುದಿಲ್ಲ, ಸಿಗುವ ಪಟ್ಟಿ ಕಿರಿದು. ಆದ್ದರಿಂದ ಪೂರ್ಣ ಇಳಿತಕ್ಕೆ ಎರಡು ತಾಸು ಮೊದಲೇ ಶುರುಮಾಡಿ, ನೀರಿನ ಹಿಂದೆ ಇಳಿಯುತ್ತ ಹೋಗಿ, ತಿರುಗಿದ ಮೇಲೆ ಒಂದು ತಾಸಿಗೆ ಮುಗಿಸಿ. ನೋಡಬೇಕಾದದ್ದು ದಂಡೆಗೆ ಸಮಾಂತರವಾಗಿ ನೀರು ನಿಂತ ತಗ್ಗನ್ನು. ಕಲ್ಲು, ಚಿಪ್ಪು, ಸೀಸದ ಗುಂಡು ಒಂದೇ ಕಡೆ ಸೇರಿದ್ದರೆ ಅಲೆ ಅಲ್ಲಿ ಭಾರದ್ದನ್ನೆಲ್ಲ ಬಿಟ್ಟುಹೋಗಿದೆ ಎಂದರ್ಥ. ನುಣುಪಾದ ಖಾಲಿ ಉಸುಕಿನಲ್ಲಿ ವೇಳೆ ಕಳೆಯಬೇಡಿ.

ಯಂತ್ರ ಹೊಂದಿಸುವ ಕ್ರಮ ಹೀಗೆ. ಬೀಚ್ ಮೋಡ್ ಹಾಕಿ, ಸೆನ್ಸಿಟಿವಿಟಿ ಅರ್ಧಕ್ಕೆ ಇಳಿಸಿ, ಕಾಯಿಲನ್ನು ಗಾಳಿಯಲ್ಲಿ ಅಲುಗಾಡದಂತೆ ಹಿಡಿದು ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ವಿದ್ಯುತ್ ಗದ್ದಲ ಕಳೆಯುವ ಗುಂಡಿ) ಒತ್ತಿ. ಲೋಹ ಇಲ್ಲದ ಒದ್ದೆ ಜಾಗ ಹುಡುಕಿ, ನೆಲದ ಸಂಕೇತವನ್ನು ಕಳೆಯುವ ಗ್ರೌಂಡ್ ಬ್ಯಾಲೆನ್ಸ್ ಗುಂಡಿ ಒತ್ತಿ ಹಿಡಿದು, ಕಾಯಿಲನ್ನು ಒಂದು ಗೇಣು ಎತ್ತರದಿಂದ ಎರಡು ಬೆರಳಿನಷ್ಟು ಹತ್ತಿರಕ್ಕೆ ಮೇಲೆ ಕೆಳಗೆ ಮಾಡಿ. ಎತ್ತುವಾಗಲೂ ಇಳಿಸುವಾಗಲೂ ದನಿ ಒಂದೇ ಆಗುವ ತನಕ ಬಿಡಬೇಡಿ. ಆಮೇಲೆ ಸೆನ್ಸಿಟಿವಿಟಿ ಒಂದೊಂದೇ ಏರಿಸಿ, ಗೊಣಗಲು ಶುರುವಾದ ಕೂಡಲೇ ಎರಡು ಮೆಟ್ಟಿಲು ಇಳಿಸಿ. ಒಣ ಉಸುಕಿನಿಂದ ಒದ್ದೆಗೆ ಬಂದರೆ ಮತ್ತೆ ಮೊದಲಿನಿಂದ ಮಾಡಬೇಕು. ನಡೆಯುವುದು ನೀರಿನ ಅಂಚಿಗೆ ಸಮಾಂತರವಾಗಿ. ಮೇಲಕ್ಕೂ ಕೆಳಕ್ಕೂ ನಡೆದರೆ ಹೆಜ್ಜೆ ಹೆಜ್ಜೆಗೂ ತೇವ ಬದಲಾಗಿ ಸುಳ್ಳು ಕೂಗು ಬರುತ್ತದೆ. ಬೀಸಿನ ಕೊನೆಯಲ್ಲಿ ಕಾಯಿಲ್ ಮೇಲೆದ್ದರೂ ಅದೇ ಗೋಳು. ಕಸ ಗುಡಿಸಿದ ಹಾಗೆ ನೆಲಕ್ಕೆ ಸಮನಾಗಿ, ನಿಧಾನವಾಗಿ, ಹಿಂದಿನ ಬೀಸಿನ ಅರ್ಧದ ಮೇಲೆ ಹಾಯುವಂತೆ ಬೀಸಿ. ಕಪ್ಪು ಉಸುಕಿನ ಪಟ್ಟಿ ಕಂಡಲ್ಲಿ ಅಯಸ್ಕಾಂತ ಹಿಡಿದು ನೋಡಿ. ದಪ್ಪಗೆ ಅಂಟಿದರೆ ಆ ಪಟ್ಟಿಗೆ ಬೇರೆಯಾಗಿ ಗ್ರೌಂಡ್ ಬ್ಯಾಲೆನ್ಸ್ ಬೇಕು.

ಕೂಗಿದ ಜಾಗದಲ್ಲಿ ಅಡ್ಡ ಬೀಸಿ, ಆಮೇಲೆ ಉದ್ದ ಬೀಸಿ. ಎರಡೂ ದಿಕ್ಕಿನಲ್ಲಿ ನಂಬರ್ ಬದಲಾಗದೆ ನಿಂತರೆ ಅಗೆಯಿರಿ. ತೂತಿನ ಸ್ಟೀಲ್ ಸ್ಕೂಪನ್ನು ಕೂಗಿದ ಜಾಗಕ್ಕಿಂತ ಒಂದು ಗೇಣು ಹಿಂದೆ ಊರಿ, ಕಾಲಿನಿಂದ ತುಳಿದು ಎತ್ತಿ, ನೀರಿನಲ್ಲಿ ಜಾಡಿಸಿ. ಅಗೆದ ಮೇಲೆ ಕೂಗೇ ಮಾಯವಾದರೆ ಬಹುಪಾಲು ತುಕ್ಕು ಹಿಡಿದ ಕಬ್ಬಿಣ. ಸುತ್ತಲಿನ ಉಸುಕಿಗೆ ಇಳಿದ ತುಕ್ಕು ಕದಡಿದಾಗ ಸಂಕೇತ ಒಡೆಯುತ್ತದೆ. ಗುಂಡಿಯನ್ನು ಮತ್ತೊಮ್ಮೆ ನೋಡಿ ಮುಚ್ಚಿ. ಮುಚ್ಚದ ಗುಂಡಿಯಲ್ಲಿ ಯಾರದಾದರೂ ಕಾಲು ಉಳುಕಿದರೆ ಮರುದಿನದಿಂದ ಆ ತೀರಕ್ಕೆ ಯಾರನ್ನೂ ಬಿಡುವುದಿಲ್ಲ.

ವಿದೇಶಿ ವಿಡಿಯೋ ನೋಡಿ ಕಲಿತವರಿಗೆ ನಮ್ಮ ನಾಣ್ಯ ಕೈಕೊಡುತ್ತದೆ. 1992ರಿಂದ ಬಂದ ಸ್ಟೀಲ್ ಒಂದು ರೂಪಾಯಿ, 2005ರ ನಂತರದ ಎರಡು ರೂಪಾಯಿ ಅಯಸ್ಕಾಂತಕ್ಕೆ ಅಂಟುತ್ತವೆ. ಯಂತ್ರದಲ್ಲಿ ಅವುಗಳ ನಂಬರ್ ಕುಣಿಯುತ್ತದೆ, ಬಹಳ ಸಲ ಕಬ್ಬಿಣದ ಕಡೆಗೇ ಬೀಳುತ್ತದೆ. ಕಬ್ಬಿಣ ಮುಚ್ಚಿದರೆ ಚಿಲ್ಲರೆಯೂ ಹೋಯಿತು. ನಾಣ್ಯಕ್ಕಾಗಿ ಅಗೆದರೆ ಬಸ್ ಚಾರ್ಜು ಹುಟ್ಟುವುದಿಲ್ಲ, ಮುಚ್ಚುವುದೇ ಲೇಸು. ದಪ್ಪ ಹಳೆಯ ಐದು ರೂಪಾಯಿ ನೆಟ್ಟಗೆ ಕೂಗುತ್ತದೆ. ಊರಲ್ಲಿ ಅದನ್ನೊಂದು, ಮನೆಯ ಉಂಗುರವೊಂದನ್ನು ಉಸುಕಿನ ಮೇಲಿಟ್ಟು ಬರುವ ನಂಬರ್ ಬರೆದುಕೊಂಡು ಹೋಗಿ.

ಗೋಕರ್ಣದಲ್ಲಿ ವಾರಾಂತ್ಯದ ರೂಮಿನ ಬೆಲೆ ನಾಚಿಕೆಗೇಡು. ವಾರದ ನಡುವೆ ಕೇಳುವುದರ ಎರಡರಷ್ಟು ಕೇಳಿ, ದಂಡೆಗೆ ಅಂಟಿದ ರೂಮಿನಲ್ಲಿ ಕೊಡುವುದು ಉಪ್ಪು ಬೋರಿನ ನೀರು. ಯಂತ್ರ ತೊಳೆಯಲು ಸಿಹಿನೀರೇ ಬೇಕು. ರೂಮ್ ನೋಡುವಾಗ ನಲ್ಲಿ ನೀರನ್ನು ನಾಲಿಗೆಗೆ ಹಚ್ಚಿ ನೋಡಿ. ಇಲ್ಲವಾದರೆ ಅಂಕೋಲಾದಲ್ಲೇ ಉಳಿಯಿರಿ, ಅರ್ಧ ಬೆಲೆ, ಬೆಳಿಗ್ಗೆ ಬೇಗ ಬಸ್ಸೂ ಇದೆ. ಕಾಯಿಲ್ ಕವರ್ ಬಿಚ್ಚಿ ಒಳಗಿನ ಉಸುಕು ತೊಳೆಯದಿದ್ದರೆ ಮರುದಿನ ಅದೇ ಉಸುಕು ಸುಳ್ಳು ಕೂಗಿಗೆ ಕಾರಣ. ದಾಂಡಿನ ಕೀಲು ಉಪ್ಪು ಕಟ್ಟಿ ಹಿಡಿದುಕೊಳ್ಳುತ್ತದೆ. ಚಾರ್ಜಿಂಗ್ ತುದಿಯನ್ನು ಒಣಗಿಸದೆ ಸಿಕ್ಕಿಸಬೇಡಿ.

ಉಳಿಯಲು ಅಂಕೋಲಾ ಅನ್ನುವುದಕ್ಕೆ ನಿಜವಾದ ಕಾರಣ ಊಟ. ಮೀನು ಪೇಟೆಯ ಆಸುಪಾಸಿನ ನಾಲ್ಕೈದು ಮೇಜಿನ ಸಣ್ಣ ಖಾನಾವಳಿಗಳಿಗೆ ಹೋಗಿ. ಬೋರ್ಡು ನೋಡಬೇಡಿ, ಲಾರಿಯವರು ಕೂತಿದ್ದಾರೆಯೇ ನೋಡಿ. ಕುಚ್ಚಲಕ್ಕಿ ಅನ್ನ, ಕೊಬ್ಬರಿ ಅರೆದ ಬಂಗುಡೆ ಸಾರು, ರವೆಯಲ್ಲಿ ಹೊರಳಿಸಿ ಹುರಿದ ತುಂಡು, ಲೋಟದಲ್ಲಿ ಸೋಲ್ ಕಡಿ. ಸಾರು ಕೇಳಿದಷ್ಟು ಹಾಕುತ್ತಾರೆ. ಮೀನು ಒಲ್ಲೆ ಅನ್ನುವ ನಮ್ಮವರಿಗೆ ಬೆಳಗಿನ ಬನ್ಸ್-ಭಾಜಿ ಇದೆ. ಬಾಳೆಹಣ್ಣು ಕಲಸಿದ ಹಿಟ್ಟಿನ ಬನ್ಸ್ ಎಣ್ಣೆಯಿಂದ ಎತ್ತಿದ ಕೂಡಲೇ ತಿನ್ನಬೇಕು, ಆರಿದರೆ ಚರ್ಮ. ಎರಡು ತಿಂದರೆ ಇಳಿತ ಮುಗಿಯುವ ತನಕ ಹಸಿವಿಲ್ಲ. ಅಷ್ಟು ಬೆಳಿಗ್ಗೆ ಗೋಕರ್ಣದ ದಂಡೆಯ ಕೆಫೆಗಳ ಬಾಗಿಲೇ ತೆಗೆದಿರುವುದಿಲ್ಲ.

ಉಂಗುರ ಸಿಕ್ಕರೆ ಏನು? ಒಳಗೆ ಹೆಸರು, ತಾರೀಖು ಕೊರೆದಿದೆಯೇ ನೋಡಿ, ಠಾಣೆಗೆ ಒಪ್ಪಿಸಿ ಬರಹ ಪಡೆಯಿರಿ. ಕಳೆದವರದ್ದೆಂದು ಗೊತ್ತಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಲ್ಲಿ ಅಪರಾಧ. ನೆಲದೊಳಗೆ ಹುದುಗಿಸಿಟ್ಟ ಸೊತ್ತು ಸಿಕ್ಕರೆ 1878ರ ನಿಧಿ ಕಾಯ್ದೆ ಬರುತ್ತದೆ. ಬೆಲೆ ಹತ್ತು ರೂಪಾಯಿ ಮೀರಿದರೂ ಸಾಕು, ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.

ಇನ್ನು ಗುಡ್ಡ. ಡಂಬಳ, ಡೋಣಿ, ಸೊರಟೂರು ಸುತ್ತಲಿನ ಹಳ್ಳಗಳ ಉಸುಕನ್ನು ಮರದ ಮರಿಗೆಯಲ್ಲಿ ತೊಳೆದು ತಲೆಮಾರುಗಳ ಕಾಲ ಬಂಗಾರ ತೆಗೆದವರು ಜಲಗಾರರು. ಅವರ ಕೈಗೆ ಬಂದದ್ದು ಹಿಟ್ಟಿನಂಥ ಕಣ. 45 ಕಿಲೋಹರ್ಟ್ಜ್‌ನ ಗೋಲ್ಡ್ ಮಾನ್‌ಸ್ಟರ್‌ನಂಥ ಬಂಗಾರಕ್ಕೆಂದೇ ಮಾಡಿದ ಯಂತ್ರವೂ ಗಟ್ಟಿ ತುಣುಕಿಗೆ ಕೂಗುತ್ತದೆ, ಹಿಟ್ಟಿಗೆ ಕೂಗುವುದಿಲ್ಲ. ಮೇಲಾಗಿ ಕಪ್ಪತಗುಡ್ಡ ಕಬ್ಬಿಣದ ಕಲ್ಲಿನ ಗುಡ್ಡ. ಕೆಂಪು ಕಲ್ಲು, ಮ್ಯಾಗ್ನೆಟೈಟ್ ಇರುವ ಪಟ್ಟೆ ಕಲ್ಲು ಪ್ರತಿಯೊಂದೂ ಲೋಹದ ಹಾಗೆ ಕೂಗುತ್ತದೆ, ಅರ್ಧ ತಾಸಿನಲ್ಲಿ ತಲೆ ಕೆಡುತ್ತದೆ. ಇದೆಲ್ಲಕ್ಕಿಂತ ಮೊದಲು, 2019ರಿಂದ ಗುಡ್ಡದ 244 ಚದರ ಕಿ.ಮೀ. ವನ್ಯಜೀವಿಧಾಮ. ಅಪ್ಪಣೆಯಿಲ್ಲದೆ ಒಳಗೆ ಹೋಗುವುದೇ ತಪ್ಪು, ಅಗೆಯುವುದು ದೂರದ ಮಾತು. ಧಾಮದ ಹೊರಗೂ ಬಂಗಾರದ ಶೋಧಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಪರವಾನಗಿ ಬೇಕು. ಆದ್ದರಿಂದ ಅಲ್ಲಿಗೆ ಹೋಗುವುದು ನೋಡಲಿಕ್ಕೆ: ಗದಗಿನಿಂದ ಬಸ್ಸಿನಲ್ಲಿ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪನ ಗುಡಿ, ಕೆರೆ ನೋಡಿ, ಖಾನಾವಳಿಯಲ್ಲಿ ರೊಟ್ಟಿ ಉಂಡು ವಾಪಸ್ ಬನ್ನಿ.

ಜಲಗಾರರ ಹಾಗೆ ಉಸುಕು ತೊಳೆದು ಬಂಗಾರ ಉಳಿಸಿಕೊಳ್ಳುವ ಕೈಚಳಕವನ್ನು ಮನೆಯ ಹಿತ್ತಲಲ್ಲೇ ಕಲಿಯಬಹುದು. ಕಟ್ಟಡದ ಉಸುಕನ್ನು ಜರಡಿ ಹಿಡಿದು ಪರಾತದಲ್ಲಿ ಮುಕ್ಕಾಲು ತುಂಬಿ. ಗಾಳದ ಸೀಸದ ಗುಂಡನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ಸಾಸಿವೆ ಗಾತ್ರದ ಹತ್ತು ಚೂರು ಕತ್ತರಿಸಿ ಅದರೊಳಗೆ ಹಾಕಿ. ಅಗಲ ಟಬ್ಬಿನ ನೀರಿನಲ್ಲಿ ಮುಳುಗಿಸಿ ಜೇಡಿ ಕರಗುವ ತನಕ ಕೈಯಿಂದ ಕಿವುಚಿ. ಆಮೇಲೆ ಅಡ್ಡಡ್ಡ ಅಲುಗಾಡಿಸಿ, ಭಾರದ್ದು ತಳಕ್ಕೆ ಇಳಿಯುವುದು ಈ ಅಲುಗಾಟದಲ್ಲೇ. ಅವಸರ ಮಾಡಿದರೆ ಚೂರು ಮೇಲೆಯೇ ಉಳಿದು ನೀರಿನ ಜೊತೆ ಹೋಗುತ್ತದೆ. ಪರಾತ ತುಸು ಓರೆ ಮಾಡಿ ಮೇಲಿನ ಹಗುರ ಪದರವನ್ನಷ್ಟೇ ನೀರಿಗೆ ಬಿಡಿ, ಮತ್ತೆ ಅಲುಗಾಡಿಸಿ, ಮತ್ತೆ ಬಿಡಿ. ಕೊನೆಗೆ ಒಂದು ಚಮಚ ಕಪ್ಪು ಉಸುಕು ಉಳಿದಾಗ ಪ್ಲಾಸ್ಟಿಕ್ ಚೀಲ ಸುತ್ತಿದ ಅಯಸ್ಕಾಂತದಿಂದ ಅದನ್ನು ಎತ್ತಿ. ಬಂಗಾರದ ತೂಕ ಅಷ್ಟೇ ಗಾತ್ರದ ನೀರಿನ 19 ಪಟ್ಟು, ಸೀಸದ್ದು 11 ಪಟ್ಟು, ಉಸುಕಿನ ಬಿಳಿಗಲ್ಲಿನದು ಎರಡೂವರೆಗಿಂತ ತುಸು ಮೇಲೆ. ಸೀಸ ನಿಲ್ಲಿಸಿಕೊಂಡ ಕೈ ಬಂಗಾರವನ್ನೂ ನಿಲ್ಲಿಸಿಕೊಳ್ಳುತ್ತದೆ. ಮೊದಲ ದಿನ ಹತ್ತರಲ್ಲಿ ಮೂರು ಚೂರು ಉಳಿದರೆ ಅದೇ ಹೆಚ್ಚು. ಒಂಬತ್ತು ಬರುವ ತನಕ ತಿರುವಿ ತಿರುವಿ ತೊಳೆಯಿರಿ. ಸೀಸ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ, ಆ ಪರಾತ ಮತ್ತೆ ಅಡುಗೆಮನೆಗೆ ಬೇಡ.