ಸಾವುಕಾರ ಕಾಲಿಗೆ ಬೀಳಲಿಲ್ಲ

ನಾಟಕದಲ್ಲಿ ಪ್ರಾಂಪ್ಟ್ ಮಾಡುವವನಿಗೆ, ಅಂದರೆ ಮರೆಯಲ್ಲಿ ಕೂತು ಮಾತು ನೆನಪಿಸುವವನಿಗೆ, ಒಂದು ಅನುಕೂಲ ಇದೆ. ಪಾತ್ರಧಾರಿಗಳು ತಮ್ಮ ತಮ್ಮ ಮಾತನ್ನಷ್ಟೇ ಬಾಯಿಪಾಠ ಮಾಡಿರುತ್ತಾರೆ. ಇಡೀ ನಾಟಕ ಇರುವುದು ಪ್ರಾಂಪ್ಟರ್ ಕೈಯಲ್ಲಿ ಮಾತ್ರ. ಯಾರು ಮೊದಲು ಹೇಗಿದ್ದರು, ಆಮೇಲೆ ಹೇಗಾದರು, ನಡುವೆ ಏನಾಯಿತು, ಎಲ್ಲ ಅವನ ಕಣ್ಣಿಗೆ ಬೀಳುತ್ತದೆ. ಪಾತ್ರಗಳಲ್ಲಿ ಎಷ್ಟು ಬಗೆ, ಪಾತ್ರ ಬೆಳೆಯುವುದು ಅಂದರೇನು ಅಂತ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆದರೆ ಒಂದು ಪಾತ್ರ ಕಣ್ಣೆದುರೇ ಬೆಳೆದದ್ದನ್ನು ನೋಡಿದ್ದು ಗದಗ ಹತ್ತಿರದ ನನ್ನ ಸೋದರಮಾವನ ಊರಿನಲ್ಲಿ, ಜಾತ್ರೆ ನಾಟಕದ ತಾಲೀಮಿನಲ್ಲಿ ಪ್ರಾಂಪ್ಟ್ ಮಾಡುತ್ತಿದ್ದಾಗ.

ಈ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಅಂದಮೇಲೆ ನಾಟಕ ಬೇಕೇ ಬೇಕು. ಗಂಡು ಪಾತ್ರ ಊರವರೇ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಪರದೆ, ಲೈಟು, ಮೈಕು ಬಾಡಿಗೆಗೆ ಬರುತ್ತವೆ. ಕಲಿಸುವುದಕ್ಕೆ ಒಬ್ಬರು ಮಾಸ್ತರು, ಅವರ ಮುಂದೊಂದು ಪೇಟಿ, ಅಂದರೆ ಹಾರ್ಮೋನಿಯಂ. ಈ ಊರಿಗೆ ಬರುವ ಮಾಸ್ತರು ಹಾಡಿನಷ್ಟೇ ಮಾತಿನ ಮೇಲೂ ಹಟ ಹಿಡಿಯುವವರು. ಯಾವುದಾದರೂ ಮಾತು ಸುಳ್ಳು ಅನಿಸಿದರೆ ಪೇಟಿ ನಿಲ್ಲಿಸಿ ಹಾಗೇ ಕೂತುಬಿಡುತ್ತಾರೆ.

ಅದೊಂದು ಸಾಮಾಜಿಕ ನಾಟಕ. ಪುಸ್ತಕದ ರಟ್ಟು ಹರಿದುಹೋಗಿತ್ತು. ಮೊದಲ ಪುಟದಲ್ಲಿ ಪಾತ್ರಗಳ ಪಟ್ಟಿ: ನಾಯಕ, ನಾಯಕಿ, ವಿಧವೆ ತಾಯಿ, ಸಾವುಕಾರ, ಅವನ ಗುಮಾಸ್ತ, ಹಾಸ್ಯದ ಜೋಡಿ. ಸಾವುಕಾರನ ಹೆಸರಿನ ಮುಂದೆ ‘ಖಳನಾಯಕ’ ಅಂತ ಅಚ್ಚಾಗಿತ್ತು. ಅದು ಮಾಮಾನ ಪಾತ್ರ. ಮಾಮಾಗೆ ಊರಲ್ಲಿ ಕಿರಾಣಿ ಅಂಗಡಿ. ಎತ್ತರದ ಆಳು, ಗಂಟಲು ದೊಡ್ಡದು. ಹೀಗಾಗಿ ಯಾವ ನಾಟಕ ಇರಲಿ, ಕೆಟ್ಟವನ ಪಾತ್ರ ಅವರಿಗೇ.

ಕೊನೆಯ ತಾಲೀಮಿನ ದಿನ ಸಂಜೆ, ಕಡೇ ಸೀನಿನಲ್ಲಿ ತಕರಾರು ಶುರುವಾಯಿತು. ಸಾವುಕಾರ ಇಡೀ ನಾಟಕದುದ್ದಕ್ಕೂ ವಿಧವೆಯ ಹೊಲ ನುಂಗಲು ನೋಡುತ್ತಾನೆ. ಕೊನೆಗೆ ಅವನ ಗುಮಾಸ್ತನ ಕಳ್ಳತನ ಬಯಲಾಗುತ್ತದೆ. ಆ ಕೂಡಲೇ ಸಾವುಕಾರ ‘ತಾಯೀ, ನನ್ನ ಕಣ್ಣು ತೆರೆಸಿದೆ’ ಅಂತ ಆಕೆಯ ಕಾಲಿಗೆ ಬೀಳಬೇಕು. ಪುಸ್ತಕದಲ್ಲಿ ಇದಕ್ಕೆ ಮೂರೇ ಸಾಲು. ಮಾಮಾ ಮೊದಲ ಸಾಲು ಹೇಳಿ ನಿಂತರು. ನಾನು ಎರಡನೇ ಸಾಲು ಕೊಟ್ಟೆ. ಹೇಳಲಿಲ್ಲ. ಇನ್ನಷ್ಟು ಜೋರಾಗಿ ಕೊಟ್ಟೆ.

“ಕೇಳಿಸ್ತೋ ತಮ್ಮಾ, ಬಾಯಾಗ ಬರವಲ್ದು,” ಅಂದರು. “ನಿನ್ನಿ ತನಕ ಹೊಲ ನುಂಗಾಕ ನಿಂತಾಂವ ಇವತ್ತ ಹೆಂಗ ಕಾಲಿಗೆ ಬೀಳ್ತಾನ? ಯಾರರ ನಂಬ್ತಾರೇನು?”

“ನಾಟಕ ಮುಗಸಾಕ ಬೇಕಲ್ರಿ ಕಾಕಾ,” ಅಂದ ನಾಯಕನ ಪಾತ್ರದ ಹುಡುಗ.

ಮಾಸ್ತರು ಪೇಟಿ ನಿಲ್ಲಿಸಿದರು.

ಇ. ಎಂ. ಫಾರ್ಸ್ಟರ್ ಅನ್ನುವ ಇಂಗ್ಲಿಷ್ ಕಾದಂಬರಿಕಾರ 1927ರಲ್ಲಿ ಕೇಂಬ್ರಿಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಅಂತ ಎರಡು ಬಗೆ ಮಾಡಿದ. ಒಂದೇ ಗುಣದ ಮೇಲೆ ನಿಂತದ್ದು, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದದ್ದು ಚಪ್ಪಟೆ ಪಾತ್ರ. ದುಂಡು ಪಾತ್ರಕ್ಕೆ ಅವನು ಒಂದು ಪರೀಕ್ಷೆ ಇಟ್ಟ. ಅದು ನಮ್ಮನ್ನು ಬೆರಗು ಮಾಡಬೇಕು, ಆ ಬೆರಗು ನಂಬುವಂತಿರಬೇಕು. ಬೆರಗಾಗಿಸಿಯೂ ನಂಬಿಕೆ ಹುಟ್ಟಿಸದಿದ್ದರೆ ಅದು ದುಂಡಗಿನ ವೇಷ ಹಾಕಿದ ಚಪ್ಪಟೆ ಪಾತ್ರ. ನಮ್ಮ ಸಾವುಕಾರ ಇದೇ ಜಾತಿಗೆ ಸೇರಿದವನು. ಮಾಮಾ ಫಾರ್ಸ್ಟರನ ಹೆಸರು ಕೇಳಿದವರಲ್ಲ. ಆದರೆ ಆ ಮೂರು ಸಾಲು ಅವರ ಗಂಟಲಲ್ಲೇ ಸಿಕ್ಕಿಹಾಕಿಕೊಂಡಿದ್ದವು.

ಇಲ್ಲೊಂದು ಮಾತು ಹೇಳಬೇಕು. ಚಪ್ಪಟೆ ಪಾತ್ರ ಅಂದರೆ ಕಳಪೆ ಅಂತ ನನ್ನ ವಿದ್ಯಾರ್ಥಿಗಳು ಬರೆಯುತ್ತಾರೆ. ಫಾರ್ಸ್ಟರ್ ಹಾಗೆ ಹೇಳಲೇ ಇಲ್ಲ. ಅಂಥ ಪಾತ್ರ ಬಂದ ಕೂಡಲೇ ಗುರುತು ಸಿಗುತ್ತದೆ, ಆಮೇಲೂ ನೆನಪಲ್ಲಿ ಉಳಿಯುತ್ತದೆ ಅಂತ ಅವನೇ ಮೆಚ್ಚಿ ಹೇಳಿದ್ದಾನೆ. ನಮ್ಮ ನಾಟ್ಯಶಾಸ್ತ್ರ ಕೂಡ ನಾಯಕರನ್ನು ಧೀರೋದಾತ್ತ (ಗಂಭೀರ), ಧೀರೋದ್ಧತ (ಗರ್ವಿ), ಧೀರಲಲಿತ (ವಿಲಾಸಿ), ಧೀರಪ್ರಶಾಂತ (ಶಾಂತ) ಅಂತ ನಾಲ್ಕು ಬಗೆ ಮಾಡಿತು. ನಟನಿಗೆ, ನೋಡುವವನಿಗೆ ಇಬ್ಬರಿಗೂ ಹಿಡಿಯಲು ಒಂದು ಹಿಡಿಕೆ ಬೇಕಲ್ವಾ? ನಮ್ಮ ನಾಟಕದ ಹಾಸ್ಯಗಾರ ಸೀನಿಗೊಮ್ಮೆ “ಅದಕ ಅಂದೆ ನಾ” ಅನ್ನುತ್ತಿದ್ದ, ಅಷ್ಟೇ. ಅವನಿಗೂ ಒಂದು ದುಃಖದ ಮಾತು ಇಡೋಣ ಅಂತ ಯಾರೋ ಅಂದಾಗ ಮಾಸ್ತರು ಸುತರಾಂ ಒಪ್ಪಲಿಲ್ಲ. “ಜನ ಅಂವ ಬರೂದನ್ನ ಕಾಯ್ತಾರ. ಅಂವಗ ದುಃಖ ಕೊಟ್ರ ಅವ್ರಿಗೆ ನಗೂದು ಕಷ್ಟ ಆಗ್ತದ,” ಅಂದರು. ನನಗೂ ಅದು ಸರಿ ಅನಿಸಿತು. ಎಲ್ಲರೂ ಬೆಳೆಯುತ್ತಾ ಹೋದರೆ ಯಾರು ಬೆಳೆದರು ಅನ್ನುವುದೇ ಕಾಣುವುದಿಲ್ಲ.

ಆದರೆ ಸಾವುಕಾರನ ವಿಷಯ ಬೇರೆ. ನಾಟಕವೇ ಅವನನ್ನು ಬದಲಾಗು ಅನ್ನುತ್ತಿದೆ. ಹಾಗಾದರೆ ಅದಕ್ಕೆ ಕಾರಣ ಎಲ್ಲಿ?

ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ. “ಈ ಸಾವುಕಾರ ಜೀವಾ ಹೋದ್ರೂ ಯಾವುದನ್ನ ಬಿಡಂಗಿಲ್ಲ? ಅದನ್ನ ಹೇಳ್ರಿ.”

“ರೊಕ್ಕ,” ಅಂದರು ಎಲ್ಲರೂ.

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ರೊಕ್ಕ ಅಲ್ರಿ ಮಾಸ್ತರ್ರ. ಲೆಕ್ಕ,” ಅಂದರು.

ಆಮೇಲೆ ತಮ್ಮ ಅಂಗಡಿಯ ಉದ್ರಿ ಪುಸ್ತಕದ ಕಥೆ ತೆಗೆದರು. ಉದ್ರಿ ವಸೂಲಿ ಮಾಡುವಾಗ ಮಾಮಾ ಗಟ್ಟಿ ಆಸಾಮಿ, ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದ್ದು ಗೊತ್ತಾದರೆ ರಾತ್ರಿ ನಿದ್ದೆ ಬರುವುದಿಲ್ಲವಂತೆ. ತಪ್ಪು ಯಾರ ಕಡೆಗೇ ಇರಲಿ, ಬೆಳಗಾದ ಕೂಡಲೇ ಅದನ್ನು ಸರಿ ಮಾಡಲೇಬೇಕು. “ಅವ್ರ ಮ್ಯಾಲಿನ ಪ್ರೀತಿಗಲ್ಲ. ಬರದದ್ದ ಸುಳ್ಳ ಆಗಬಾರ್ದು, ಅಷ್ಟ,” ಅಂದರು. “ಈ ಸಾವುಕಾರನೂ ಹಂಗ ಇರಬೇಕ್ರಿ. ಬಡ್ಡಿ ತಿಂತಾನ, ಹೊಲಾ ನುಂಗ್ತಾನ, ಆದ್ರ ಲೆಕ್ಕ ಸುಳ್ಳ ಬರಿಯಂಗಿಲ್ಲ.”

ಅಲ್ಲಿಂದ ಎಲ್ಲ ತಾನಾಗಿಯೇ ಬಿಚ್ಚಿಕೊಂಡಿತು. ಗುಮಾಸ್ತ ಕದ್ದದ್ದು ನಾಟಕದ ಪುಸ್ತಕದಲ್ಲಿ ಮೊದಲೇ ಇತ್ತಲ್ಲ? ಅವನು ಕದ್ದು ದಕ್ಕಿಸಿಕೊಳ್ಳಬೇಕಾದರೆ ವಿಧವೆಯ ಬಡ್ಡಿಯನ್ನು ಎರಡು ಸಲ ಬರೆದಿರಬೇಕು. ಹಾಗಾದರೆ ಸಾವುಕಾರನ ಖಾತೆಯೇ ಸುಳ್ಳು. ತಾನು ಇಷ್ಟು ದಿನ ಕೇಳುತ್ತಾ ಬಂದದ್ದು ತನಗೆ ಬರಬೇಕಾದ ಹಣವೇ ಅಲ್ಲ. ಅವನಿಗೆ ತಾಕುವ ಪೆಟ್ಟು ಅದು. ಕರುಣೆಯಿಂದ ಅವನು ಹೊಲದ ಕಾಗದ ವಾಪಸ್ ಕೊಡುವುದಿಲ್ಲ. ಲೆಕ್ಕ ತಪ್ಪಿದ್ದಕ್ಕೆ ಕೊಡುತ್ತಾನೆ. ಯಾವ ಗುಣ ಅವನನ್ನು ಕಲ್ಲು ಮಾಡಿತ್ತೋ ಅದೇ ಗುಣ ಅವನ ಕೈಯಿಂದ ಕಾಗದ ಕೊಡಿಸಿತು.

ಆದರೆ ಇದು ಕಡೇ ಸೀನಿನಲ್ಲಿ ಒಮ್ಮೆಲೇ ಬಂದರೆ ಮತ್ತೆ ಅದೇ ಸಮಸ್ಯೆ. ಜನರಿಗೆ ಮೊದಲೇ ಎಲ್ಲಾದರೂ ಕಂಡಿರಬೇಕು. ಅದಕ್ಕೆ ಮೊದಲ ಅಂಕಕ್ಕೆ ಹೋದೆವು. ಅಲ್ಲಿ ವಿಧವೆ ತನ್ನ ಚಿನ್ನದ ಸರ, ಬೋರಮಾಳ, ಒತ್ತೆ ಇಡಲು ಬರುತ್ತಾಳೆ. ಸಾವುಕಾರ ತೂಗಿ, ಬೈದು, ಕಮ್ಮಿ ಹಣ ಕೊಟ್ಟು ಕಳಿಸುತ್ತಾನೆ. ಮಾಮಾ ಅದಕ್ಕೆ ಮಾತೇ ಇಲ್ಲದ ಒಂದು ಕೆಲಸ ಸೇರಿಸಿದರು. ಆಕೆ ಹೋದ ಮೇಲೆ ಬೋರಮಾಳ ಪೆಟ್ಟಿಗೆಗೆ ಹಾಕಲು ಹೋಗಿ ನಿಲ್ಲುತ್ತಾರೆ. ತಕ್ಕಡಿಯನ್ನು ಮತ್ತೆ ಎತ್ತುತ್ತಾರೆ. ಎಡಗೈಯಿಂದ ಗಾಳಿಗೆ ಅಡ್ಡ ಹಿಡಿದು, ಬಗ್ಗಿ, ಮುಳ್ಳು ನಿಲ್ಲುವ ತನಕ ನೋಡುತ್ತಾರೆ. ಕನ್ನಡಕ ಏರಿಸಿಕೊಂಡು ಖಾತೆ ಪುಸ್ತಕದಲ್ಲಿ ಬರೆದ ಅಂಕಿ ಹೊಡೆದು ಬೇರೆ ಅಂಕಿ ಬರೆಯುತ್ತಾರೆ. ಹಣವನ್ನೇನೂ ಜಾಸ್ತಿ ಕೊಡುವುದಿಲ್ಲ. ಆಕೆಯನ್ನು ವಾಪಸ್ ಕರೆಯುವುದೂ ಇಲ್ಲ. ಪುಸ್ತಕ ಸರಿ ಮಾಡುತ್ತಾರೆ, ಅಷ್ಟೇ.

ನಾಟಕದ ಪುಸ್ತಕದ ಅಂಚಿನಲ್ಲಿ ನಾನು ಅದನ್ನು ಬರೆದುಕೊಂಡೆ. ಬರೆಯುತ್ತಾ ನೆನಪಾದದ್ದು ಕುಮಾರವ್ಯಾಸನ ಕರ್ಣ. ಆ ಊರಿನಿಂದ ಗದುಗಿನ ವೀರನಾರಾಯಣ ಗುಡಿ ದೂರವಿಲ್ಲ, ಕವಿ ಹುಟ್ಟಿದ ಕೋಳಿವಾಡವೂ ಇದೇ ಸೀಮೆಯದು. ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ‘ಕೊರಳ ಸೆರೆ ಹಿಗ್ಗಿದವು’, ಕಣ್ಣೀರು ಉಕ್ಕಿತು ಅನ್ನುತ್ತಾನೆ ಕವಿ. ಜೀವಮಾನವಿಡೀ ಕುಲದ ಮಾತಿಗೆ ಅವಮಾನ ಉಂಡವನಿಗೆ ತಾನು ಕುಂತಿಯ ಮಗ ಅಂತ ತಿಳಿದಿದೆ. ಆಗ ಅವನ ಮನಸ್ಸಿಗೆ ಬರುವ ಮೊದಲ ಮಾತು ಯಾವುದು ಗೊತ್ತಾ? ಅಯ್ಯೋ, ಕುರುಪತಿಗೆ ಕೇಡಾಯಿತಲ್ಲ ಅಂತ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ. ಕೃಷ್ಣ ವಂಶ ತಿಳಿಸಿಯೇ ತನ್ನನ್ನು ಕೊಂದ ಅಂತ ಕರ್ಣ ಅಂದುಕೊಳ್ಳುತ್ತಾನೆ. ಅವನು ಪಕ್ಷ ಬಿಡುವುದಿಲ್ಲ. ಮೇಲಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಆದರೆ ನಿನ್ನೆ ಯುದ್ಧಕ್ಕೆ ಹೊರಡುತ್ತಿದ್ದವನು ಪಾಂಡವರ ವೈರಿ, ನಾಳೆ ಹೊರಡುವವನು ಅವರ ಅಣ್ಣ. ಪಾತ್ರ ಬೆಳೆಯಿತು ಅನ್ನಲು ಅದು ದಾರಿ ಬದಲಿಸಲೇಬೇಕು ಅಂತೇನಿಲ್ಲ. ಅದೇ ದಾರಿಯಲ್ಲಿ ನಡೆಯುವುದರ ಬೆಲೆ ಹೆಚ್ಚಾದರೂ ಸಾಕು.

ಇನ್ನೊಬ್ಬ ಉತ್ತರಕುಮಾರ. ‘ಉತ್ತರನ ಪೌರುಷ ಒಲೆಯ ಮುಂದೆ’ ಅಂತ ಗಾದೆಯನ್ನೇ ಮಾಡಿ ನಾವು ಅವನನ್ನು ಅಲ್ಲಿಯೇ ಕೂರಿಸಿಬಿಟ್ಟೆವು. ಹೆಂಗಸರ ಮುಂದೆ ಜಂಬ ಕೊಚ್ಚಿದ, ಕೌರವ ಸೇನೆ ಕಂಡು ರಥ ಬಿಟ್ಟು ಓಡಿದ. ಎಲ್ಲರಿಗೂ ನೆನಪಿರುವುದು ಇಷ್ಟೇ. ಆಮೇಲೆ ಅವನು ಅರ್ಜುನನಿಗೇ ಸಾರಥಿಯಾಗಿ, ತಾನು ಹೆದರಿ ಓಡಿದ ಸೇನೆಯ ಎದುರಿಗೇ ರಥ ನಡೆಸುತ್ತಾನೆ. ಗೆಲುವು ಅವನದೇ ಅಂತ ಊರೆಲ್ಲ ಸಂಭ್ರಮಿಸುವಾಗ ಅದನ್ನು ತನ್ನದಾಗಿ ಇಟ್ಟುಕೊಳ್ಳುವುದಿಲ್ಲ. ಕುರುಕ್ಷೇತ್ರ ಯುದ್ಧದ ಮೊದಲ ದಿನವೇ ಶಲ್ಯನೊಂದಿಗೆ ಹೋರಾಡಿ ಸಾಯುತ್ತಾನೆ ಅಂತ ವ್ಯಾಸಭಾರತದ ಭೀಷ್ಮಪರ್ವ ಹೇಳುತ್ತದೆ. ಶೂರ ಅನ್ನಿಸಿಕೊಳ್ಳುವ ಆಸೆ ಅವನಲ್ಲಿ ಮೊದಲಿನಿಂದಲೂ ಇತ್ತು. ಆ ಆಸೆಯೇ ಮೊದಲು ಅವನನ್ನು ನಗೆಪಾಟಲು ಮಾಡಿತು, ಆಮೇಲೆ ರಣರಂಗದಲ್ಲಿ ನಿಲ್ಲಿಸಿತು ಅಂತ ನಾನು ಓದಿಕೊಳ್ಳುತ್ತೇನೆ.

ಪಂಪನೂ ತನ್ನ ಭಾರತದ ಕೊನೆಗೆ ಒಬ್ಬೊಬ್ಬರಿಗೂ ಒಂದೊಂದೇ ಗುಣ ಕೊಟ್ಟು ಪಟ್ಟಿ ಮಾಡುತ್ತಾನೆ. ಛಲಕ್ಕೆ ದುರ್ಯೋಧನ, ಸತ್ಯಕ್ಕೆ ಕರ್ಣ, ಗಂಡುತನಕ್ಕೆ ಭೀಮ, ಹೀಗೆ. ಆದರೆ ಆ ಪಟ್ಟಿ ಬರುವುದು ಹದಿನಾಲ್ಕನೆಯ ಆಶ್ವಾಸದಲ್ಲಿ, ಅಂದರೆ ಕಡೇ ಅಧ್ಯಾಯದಲ್ಲಿ. ಅಷ್ಟೂ ಆಶ್ವಾಸಗಳಲ್ಲಿ ಅವರ ಜೊತೆ ಬದುಕಿ ಬಂದವರಿಗೆ ಮಾತ್ರ ಆ ಒಂದೊಂದು ಗುಣದ ಹಿಂದೆ ಏನೆಲ್ಲ ಇದೆ ಅಂತ ಗೊತ್ತು. ನಮ್ಮ ನಾಟಕದ ಪುಸ್ತಕ ಮಾತ್ರ ಮೊದಲ ಪುಟದಲ್ಲೇ ‘ಖಳನಾಯಕ’ ಅಂತ ಹೇಳಿ ಕೈತೊಳೆದುಕೊಂಡಿತ್ತು.

ತಾಯಿಯ ಪಾತ್ರದ ಕಲಾವಿದೆ ಬಂದದ್ದು ನಾಟಕದ ದಿನ ಮಧ್ಯಾಹ್ನ. ಬದಲಾದದ್ದನ್ನು ಚಹಾ ಕುಡಿಯುತ್ತಾ ಕೇಳಿಸಿಕೊಂಡರು. ಎಷ್ಟೋ ಊರುಗಳಲ್ಲಿ ಇದೇ ಪಾತ್ರ ಮಾಡಿದವರು. “ಎಲ್ಲಾ ನಾಟಕದಾಗೂ ತಾಯಿ ಅಳತಾಳ್ರಿ ಸರ್. ಅಳೂದಕ್ಕೇನು, ಯಾರರ ಅಳಬಹುದು. ಈ ತಾಯಿಗೆ ಸಿಟ್ಟ ಯಾರ ಮ್ಯಾಲೆ ಅಂತ ನಾ ಮೊದಲ ನೋಡ್ತೀನಿ,” ಅಂದರು. ಈ ತಾಯಿಗೆ ಸಿಟ್ಟು ಸಾವುಕಾರನ ಮೇಲೆ ಅಲ್ಲವಂತೆ. ಸಾಲದ ಮಾತು ಹೇಳದೇ ಸತ್ತ ಗಂಡನ ಮೇಲಂತೆ. ಪುಸ್ತಕದಲ್ಲಿ ಎಲ್ಲೂ ಇಲ್ಲದ ಮಾತು. ಆದರೆ ಆ ರಾತ್ರಿ ಗಂಡನ ಫೋಟೋಕ್ಕೆ ದೀಪ ಹಚ್ಚುವಾಗ ಆಕೆ ಕಡ್ಡಿ ಗೀರಿದ ರೀತಿ ನೋಡಬೇಕಿತ್ತು. ಅದೇ ಸವಕಲು ಅಳುವ ತಾಯಿಗೆ ತಟ್ಟನೆ ಒಂದು ಸಂಸಾರ, ಒಂದು ಹಳೇ ಜಗಳ ಎಲ್ಲ ಬಂದುಬಿಟ್ಟವು.

ನಾಟಕ ಶುರುವಾದಾಗ ಹನ್ನೊಂದು ದಾಟಿತ್ತು. ನಾನು ಸೈಡ್ ವಿಂಗಿನಲ್ಲಿ ಬ್ಯಾಟರಿ ಹಿಡಿದು ಕೂತಿದ್ದೆ. ಬೋರಮಾಳ ತೂಗುವ ಸೀನಿನಲ್ಲಿ ಜನ ಮೊದಲು ಗದ್ದಲ ಮಾಡಿದರು. ಮಾತು ಮರೆತ ಅಂತ ಅಂದುಕೊಂಡಿರಬೇಕು. ಮಾಮಾ ಅವಸರ ಮಾಡಲಿಲ್ಲ. ಮುಳ್ಳು ನಿಲ್ಲುವ ತನಕ ಕಾದರು. ಅಂಕಿ ಹೊಡೆದು ಬರೆಯುವ ಹೊತ್ತಿಗೆ ಗದ್ದಲ ನಿಂತಿತ್ತು.

ಕಡೇ ಸೀನಿನಲ್ಲಿ ಕಾಲಿಗೆ ಬೀಳುವುದೋ ಬೇಡವೋ ಅಂತ ಆ ತನಕ ಇತ್ಯರ್ಥ ಆಗಿರಲಿಲ್ಲ. ಮಾಸ್ತರಿಗೆ ಬೀಳಬೇಕು ಅಂತ ಇತ್ತು, ಜನ ಅದನ್ನೇ ಬಯಸುತ್ತಾರೆ ಅಂತ. ಮಾಮಾ ಗುಮಾಸ್ತನ ಕೈಯಿಂದ ಪುಸ್ತಕ ಕಿತ್ತುಕೊಂಡು ಹಾಳೆ ತಿರುವಿದರು. ಒಂದು ಕಡೆ ಬೆರಳು ನಿಂತಿತು. ಇನ್ನೊಂದು ಹಾಳೆ. ಮತ್ತೆ ಅದೇ ಅಂಕಿ. ಕಾಗದ ತೆಗೆದು ತಾಯಿಯ ಕಡೆ ಚಾಚಿದರು. ನಾನು ‘ತಾಯೀ’ ಅಂತ ಸಾಲು ಕೊಟ್ಟೆ. ಮಾಮಾ ಆ ಸಾಲು ತೆಗೆದುಕೊಳ್ಳಲಿಲ್ಲ. “ಲೆಕ್ಕ ತಪ್ಪೇತಿ. ತಗೋ,” ಅಂದರು, ಮುಖ ಬೇರೆ ಕಡೆ ತಿರುಗಿಸಿ. ಕಲಾವಿದೆಯೂ ಕೂಡಲೇ ಕೈ ಚಾಚಲಿಲ್ಲ. ಆಕೆ ಕಾಗದ ಬಿಚ್ಚಿ ಪೂರ್ತಿ ಓದಿದ ಮೇಲೆಯೇ ಸೆರಗಿಗೆ ಕಟ್ಟಿಕೊಂಡರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಕಾಲಿಗೆ ಬೀಳಲೇ ಇಲ್ಲಲ್ಲೋ!” ಅಂತ ಹಿಂದಿನಿಂದ ಒಬ್ಬ ಕೂಗಿದ.

ಮರುದಿನ ಬೆಳಿಗ್ಗೆ ಚಹಾದ ಅಂಗಡಿಯಲ್ಲಿ ಇದೇ ಮಾತು. ಸಾವುಕಾರ ಒಳ್ಳೆಯವನಾದನೋ ಇಲ್ಲವೋ? “ಎಲ್ಲಿ ಒಳ್ಳೇವಾದ? ಬರೂ ವರ್ಷ ಮಳಿ ಹೋದ್ರ ಆಕಿ ಮತ್ತ ಅವನ ಬಾಗಲಿಗೇ ಹೋಗಬೇಕು,” ಅಂದ ಒಬ್ಬ. “ಹೋಗಲಿ ಬಿಡು, ಲೆಕ್ಕನರ ಸರಿ ಬರೀತಾನ,” ಅಂದ ಇನ್ನೊಬ್ಬ. ಬೋರಮಾಳ ಇನ್ನೂ ಸಾವುಕಾರನ ಪೆಟ್ಟಿಗೆಯಲ್ಲೇ ಇದೆ ಅನ್ನುವುದನ್ನು ಒಬ್ಬ ಮುದುಕ ನೆನಪಿಸಿದ. ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಅದರ ಮೇಲೆ ಮತ್ತೊಂದು ಸುತ್ತು ವಾದ. ನಾಟಕ ಮುಗಿದ ಮೇಲೂ ಜನ ಆ ಮನುಷ್ಯನ ಮುಂದಿನ ವರ್ಷದ ಬಗ್ಗೆ ಜಗಳವಾಡುತ್ತಿದ್ದರು. ನಾಯಕ ಮುಂದೇನಾದ ಅಂತ ಯಾರೂ ಕೇಳಲಿಲ್ಲ.

ಮಾಸ್ತರು ಊರಿಗೆ ಹೊರಡುವ ಮೊದಲು ಪುಸ್ತಕ ಇಸಿದುಕೊಂಡು ಆ ಮೂರು ಸಾಲಿನ ಮೇಲೆ ಗೀಟು ಎಳೆದರು. ಅವರು ಮುಂದೆ ಹಾವೇರಿ ಕಡೆಯ ಒಂದು ಊರಿನಲ್ಲಿ ಇದೇ ನಾಟಕ ಕಲಿಸಬೇಕಿತ್ತು. ಅಲ್ಲಿಯೂ ಈ ತಕ್ಕಡಿ, ಈ ಲೆಕ್ಕದ ಮಾತು ಇಡುತ್ತೀರಾ ಅಂತ ಕೇಳಿದೆ.

“ಇಲ್ಲ. ಅದು ನಿಮ್ಮ ಮಾಮಾನ ಸಾವುಕಾರ,” ಅಂದರು. “ಅಲ್ಲಿ ಪಾತ್ರಾ ಮಾಡಾಂವನ್ನ ಕೇಳ್ತೀನಿ, ನಿನ್ನ ಸಾವುಕಾರ ಏನ ಬಿಡಂಗಿಲ್ಲಪಾ ಅಂತ.”